ಆರ್ಡೆನ್ ಹುಡುಕಿದ ಸದ್ದಿಲ್ಲದ ಬರ್ನರ್

ನಮ್ಮ ಆಲ್ಡರ್ ಫಾಲ್ಸ್‌ನಲ್ಲಿ ಯಾರಾದರೂ ಏನನ್ನಾದರೂ ಕೊಡಲು ಬಂದರೆ ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲಕ್ಕೆ ತೆಗೆದುಕೊಳ್ಳಬೇಕು. ವಿಸ್ಕಾನ್ಸಿನ್ನಿನಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಹಾಲಿನ ಜೊತೆಗೇ ಬಂದಿರುತ್ತದೆ. ಆರ್ಡೆನ್ ಟ್ವೆಟ್‌ಗೆ ಮಾತ್ರ ಮೊದಲೆರಡು ಸಲ ಬೇಡ ಅನ್ನುವುದು ಹತ್ತಲೇ ಇಲ್ಲ. ಅವನು ನೇರವಾಗಿ ಮೂರನೆಯದಕ್ಕೇ ಹೋಗಿಬಿಡುತ್ತಾನೆ.

ಅವನ ಗ್ಯಾರೇಜಿನಲ್ಲಿ ಹಿಮ ತಳ್ಳುವ ಯಂತ್ರಗಳು ಸಾಲಾಗಿ ನಿಂತಿವೆ. ಒಂದೂ ಅವನು ಕೊಂಡದ್ದಲ್ಲ, ಒಂದೂ ಓಡುವುದಿಲ್ಲ. ಮನೆಯೊಳಗೆ ಒಂದು ಕುರುಡು ನಾಯಿ ಇದೆ. ಪಕ್ಕದ ಬೀದಿಯ ಹೆಂಗಸು ಅರಿಜೋನಾಕ್ಕೆ ಹೋಗುವಾಗ ಎರಡು ದಿನಕ್ಕೆಂದು ಬಿಟ್ಟುಹೋದದ್ದು. ಚರ್ಚಿನಲ್ಲಿ ಬಂದವರನ್ನು ಬೆಂಚು ತೋರಿಸಿ ಕೂರಿಸುವ ಕೆಲಸವನ್ನು ಒಂದೇ ಒಂದು ಭಾನುವಾರಕ್ಕೆ ಒಪ್ಪಿಕೊಂಡಿದ್ದ. ಆಗ ಅವನಿಗೆ ತಲೆತುಂಬ ಕೂದಲಿತ್ತು. ಶಾಲೆಯ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಮಕ್ಕಳು ಕೈ ಎತ್ತಿದಲ್ಲೆಲ್ಲ ನಿಲ್ಲಿಸುತ್ತಿದ್ದನಾದ್ದರಿಂದ ಅವನ ಬಸ್ಸಿನ ಮಕ್ಕಳು ಮೊದಲ ಗಂಟೆಯ ಗಣಿತವನ್ನು ಕಂಡವರಲ್ಲ. ಹೆಂಡತಿ ಮಾರ್ಲಿಸ್ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: "ನನ್ನ ಮದುವೆ ಆಗಿದ್ದೂ ಹಂಗೇನೇ. ನಾನು ಕೇಳ್ದೆ, ಇವನಿಗೆ ಇಲ್ಲ ಅನ್ನೋಕೆ ಬರ್ಲಿಲ್ಲ."

ನಾನು ಅವನ ಪಕ್ಕದ ಮನೆಯವನು. ಆರ್ಡೆನ್ ಮತ್ತು ಅವನ ಗೆಳೆಯ ವರ್ಲಿನ್ ಇಬ್ಬರೂ ಸೇರಿ ಮನೆಯಲ್ಲಿ ಬಿಯರ್ ಕಾಯಿಸುವಾಗ ಟಾರ್ಚು ಹಿಡಿಯುವುದು, ಆಮೇಲೆ ರುಚಿ ನೋಡುವುದು ನನ್ನ ಪಾಲಿನ ಕೆಲಸ. ಟಾರ್ಚು ಹಿಡಿಯುವುದರಲ್ಲಿ ನಾನು ಅಷ್ಟೇನೂ ಜಾಣನಲ್ಲ. ಅವರ ಪದ್ಧತಿ ಬಹಳ ಹಳೆಯದು. ಬಾರ್ಲಿ ನೆನೆಸುವುದು, ಅಳೆಯುವುದು, ಹಾಪ್ಸ್ ಎಂಬ ಕಹಿ ಹೂವು ಹಾಕುವುದು ಆರ್ಡೆನ್. ಮರದ ಸಟ್ಟುಗ ಹಿಡಿದು ಪಾತ್ರೆಯ ಮೇಲೆ ಕಣ್ಣಿಟ್ಟು ನಿಲ್ಲುವುದು ವರ್ಲಿನ್. ಮತ್ತು ಮಾತಾಡುವುದು ವರ್ಲಿನ್. ಬೆಳಿಗ್ಗೆ ಬಾರ್ಲಿ ನೀರಿಗೆ ಬಿದ್ದಾಗ ಶುರುವಾದ ಮಾತು ಸಂಜೆ ಪಾತ್ರೆ ತಣ್ಣಗಾದರೂ ನಿಲ್ಲುತ್ತಿರಲಿಲ್ಲ. ಅವನ ನೆಲಮಾಳಿಗೆಗೆ ನೀರು ನುಗ್ಗಿದ ಕಥೆಯೊಂದನ್ನೇ ನಾನು ಇಷ್ಟು ಸಲ ಕೇಳಿದ್ದೇನೆಂದರೆ ಒಮ್ಮೊಮ್ಮೆ ನನ್ನ ಕಾಲೇ ಒದ್ದೆಯಾದಂತೆನಿಸುತ್ತದೆ.

ಆ ವರ್ಷ ಎಲೆ ಉದುರುವ ಹೊತ್ತಿಗೆ ವರ್ಲಿನ್‌ನ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಉಳಿದದ್ದು ಒಂದು ಎಳೆ ದನಿ, ಬಾಗಿಲ ಸಂದಿಯಲ್ಲಿ ಗಾಳಿ ನುಸುಳಿದಷ್ಟು. ಕ್ರಿಸ್‌ಮಸ್ ಕಳೆದ ಮೇಲೆ ಇನ್ನೊಂದು ಸಲ ಕೊಯ್ಯುತ್ತಾರೆ, ಆಗ ಆ ಎಳೆಯೂ ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಈ ಸುದ್ದಿಯನ್ನು ಆರ್ಡೆನ್ ನನಗೆ ಹೇಳಿದ್ದು ಬೇಲಿಯ ಆಚೆಯಿಂದ, ಎಲೆ ಗುಡಿಸುತ್ತಾ. ಹೇಳಿ ಮುಗಿಸಿ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ. ಆಮೇಲೆ, ಆ ಎರಡನೆಯ ಶಸ್ತ್ರಚಿಕಿತ್ಸೆಗೆ ಮೊದಲು ವರ್ಲಿನ್ ಜೊತೆ ಒಂದು ಸಲ ಬಿಯರ್ ಕಾಯಿಸಬೇಕು ಎಂದ. ಅವನು ಬಾಯಿಬಿಟ್ಟು ಹೇಳದಿದ್ದರೂ ನನಗೆ ಅರ್ಥವಾಯಿತು: ಬಿಯರ್ ನೆಪ, ಅವನಿಗೆ ಬೇಕಾಗಿದ್ದದ್ದು ಇಡೀ ದಿನದ ಮಾತು.

ಅಡುಗೆಮನೆಗೆ ಪ್ರವೇಶವಿರಲಿಲ್ಲ. ಹಿಂದಿನ ಸಲ ಪಾತ್ರೆ ಉಕ್ಕಿ ಮಾರ್ಲಿಸ್‌ಳ ಒಲೆ, ಕಪಾಟು, ಕುರುಡು ನಾಯಿ ಎಲ್ಲಕ್ಕೂ ಬೆಲ್ಲದ ಪಾಕ ಮೆತ್ತಿದಂತಾಗಿತ್ತು. ಹಾಗಾಗಿ ಗ್ಯಾರೇಜಿನ ಮುಂದೆ ಇಟ್ಟುಕೊಳ್ಳಲು ಕಬ್ಬಿಣದ ಒಂದು ಸ್ಟ್ಯಾಂಡು, ಅದರಡಿ ಗ್ಯಾಸಿನ ಬರ್ನರು, ಸಿಲಿಂಡರು, ರೆಗ್ಯುಲೇಟರು, ಇಷ್ಟನ್ನು ತಾನೇ ಮಾಡಿಕೊಳ್ಳುವುದೆಂದು ಆರ್ಡೆನ್ ಹೊರಟ. ಟಾರ್ಚಿನವನಾಗಿ ನಾನೂ ಹೊರಟೆ.

ಬರ್ನರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಒಂದೇ ಮೂತಿಯಿಂದ ಜೋರಾಗಿ ಉರಿ ಉಗುಳುವಂಥದ್ದು. ಅದಕ್ಕೆ ಹೆಚ್ಚು ಒತ್ತಡದ ರೆಗ್ಯುಲೇಟರು ಬೇಕು. ಬೇಗ ಕುದಿಸುತ್ತದೆ, ಆದರೆ ವಿಮಾನ ಮೇಲೇಳುವಂತೆ ಸದ್ದು. ಇನ್ನೊಂದು, ತಟ್ಟೆಯಷ್ಟು ಅಗಲದ ಬೀಡುಕಬ್ಬಿಣದ್ದು. ಮೈತುಂಬ ತೂತು, ಕಡಿಮೆ ಒತ್ತಡ, ನಿಧಾನ, ಸದ್ದು ಕಡಿಮೆ. ಲೋಕದ ಜನರೆಲ್ಲ ಅಂಗಡಿಗೆ ಹೋಗಿ ಯಾವುದು ಬೇಗ ಕುದಿಸುತ್ತದೆ ಎಂದು ಕೇಳುತ್ತಾರೆ. ಆರ್ಡೆನ್ ಹೋದ ಪ್ರತಿ ಅಂಗಡಿಯಲ್ಲೂ ಬರ್ನರನ್ನು ಹೊರಗಿಟ್ಟು ಹಚ್ಚಿಸಿ, ತಾನು ಒಂದು ಕಡೆ ಕಣ್ಣು ಮುಚ್ಚಿ ನಿಂತು, ನನ್ನನ್ನು ಇನ್ನೊಂದು ಕಡೆ ನಿಲ್ಲಿಸಿ ಪಿಸುಗುಟ್ಟು ಅನ್ನುತ್ತಿದ್ದ. ಏನು ಪಿಸುಗುಟ್ಟಲಿ ಎಂದು ಕೇಳಿದ್ದಕ್ಕೆ, ಮೊದಲೇ ಹೇಳಿದರೆ ಪರೀಕ್ಷೆ ಹೇಗಾಗುತ್ತದೆ ಎಂದ.

ಒಬ್ಬ ಅಂಗಡಿಯವನು ಬಹಳ ಹೊತ್ತು ನೋಡಿ, "ನೀವು ಅಡಿಗೆ ಮಾಡ್ತೀರೋ, ಗುಟ್ಟು ಹೇಳ್ಕೋತೀರೋ?" ಎಂದು ಕೇಳಿದ.

ಕೊನೆಗೆ ಒಂದು ಅಗಲ ಬರ್ನರಿನ ಮುಂದೆ ನಾನು, ಕಾಲು ಮರಗಟ್ಟಿದೆ ಮಾರಾಯ, ಮನೆಗೆ ಹೋಗೋಣ ಎಂದು ಪಿಸುಗುಟ್ಟಿದೆ. ಆರ್ಡೆನ್ ಕಣ್ಣು ತೆರೆದು, "ಇವನ ಕಾಲು ಮರಗಟ್ಟಿದೆಯಂತೆ. ಇದನ್ನೇ ಕಟ್ಟಿಕೊಡಿ" ಎಂದ. ಅವನ ಬಾಳಿನಲ್ಲಿ ಅವನೇ ಆರಿಸಿದ ಮೊದಲ ವಸ್ತು ಅದೇ ಇರಬೇಕು. ಡಬ್ಬವನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡೇ ಬಂದ. ಕಾರು ನಾನು ಓಡಿಸಿದೆ.

ಇಷ್ಟರಲ್ಲಿ ಊರಿನಲ್ಲಿ ಬಿಯರ್ ಕಾಯಿಸುವವರ ಕೂಟಕ್ಕೆ ಸುದ್ದಿ ಮುಟ್ಟಿತ್ತು. ಕೂಟದ ಅಧ್ಯಕ್ಷ ಡ್ಯುವೇನ್ ಪಾಪ್ಕೆ ಬಲು ಒಳ್ಳೆಯ ಮನುಷ್ಯ. ಅವನಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ ಅನ್ನುವುದೊಂದೇ ತೊಂದರೆ. ಜಿಐ ಪೈಪಿನಲ್ಲಿ ಸ್ಟ್ಯಾಂಡು ಮಾಡಬೇಡ, ಕಾದರೆ ಮೇಲಿನ ಲೇಪ ವಿಷದ ಹೊಗೆಯಾಗುತ್ತದೆ ಎಂದು ಫೋನಿನಲ್ಲಿ ಹೇಳಿದ. ಅದು ನಿಜವಾದ ಬುದ್ಧಿಮಾತೇ. ಆದರೆ ಹೇಳಿ ಸುಮ್ಮನಾಗಲಿಲ್ಲ. ಒಳ್ಳೆಯ ಚೌಕ ಪೈಪು ತಂದು ತಾನೇ ವೆಲ್ಡಿಂಗ್ ಮಾಡಿ, ಕೂಟದ ಸಭೆಯ ದಿನ, ಎಲ್ಲರೂ ಸಾಸೇಜು ತಿನ್ನುತ್ತಿರುವಾಗ, ಕೆಂಪು ರಿಬ್ಬನ್ ಕಟ್ಟಿದ ಸ್ಟ್ಯಾಂಡನ್ನು ತಳ್ಳಿಕೊಂಡು ಬಂದ. ಅದರಲ್ಲಿ ಬರ್ನರನ್ನೂ ಕೂರಿಸಿದ್ದ. ವಿಮಾನದ ಜಾತಿಯದು. ವರ್ಲಿನ್‌ಗೋಸ್ಕರ ಕೂಟದವರೆಲ್ಲ ಸೇರಿ ಕೊಟ್ಟದ್ದು.

ಆರ್ಡೆನ್ ನನ್ನ ಕಡೆ ನೋಡಿದ. ನಾನು ಸಾಸೇಜಿನ ಕಡೆ ನೋಡಿದೆ. ಅವನು, ಇದೆಲ್ಲ ಯಾಕೆ ಮಾಡೋಕೆ ಹೋದ್ರಿ ಎಂದ. ನಮ್ಮಲ್ಲಿ ಅದು ಒಂದನೆಯ ಬೇಡ. ಎರಡನೆಯದು ಹೊರಡುವ ಮೊದಲೇ ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟರು. ಮನೆಗೆ ಬಂದು ತನ್ನ ಡಬ್ಬವನ್ನು ಹಿಮ ತಳ್ಳುವ ಯಂತ್ರಗಳ ಹಿಂದೆ ಇಟ್ಟು ಬಂದ.

ಕಾಯಿಸುವ ದಿನ ಡ್ಯುವೇನ್ ತಾನಾಗಿಯೇ ಬಂದ. ಜೋಡಿಸಿದಲ್ಲೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿದ. ಏಳಲಿಲ್ಲ. ಕೆಲಸ ಅಷ್ಟು ಚೊಕ್ಕ. ದೂರಲಿಕ್ಕೂ ಏನೂ ಸಿಗಲಿಲ್ಲ. ಬಾರ್ಲಿ ನೆನೆಯುವಷ್ಟು ಹೊತ್ತು ಸಣ್ಣ ಉರಿ ಸಾಕಾಗಿತ್ತು, ಆದರೆ ಆ ಬರ್ನರಿನ ಸಣ್ಣ ಉರಿಯೂ ಲಾರಿಯ ಹಾಗೆ ಗುಡುಗುಟ್ಟುತ್ತಿತ್ತು. ವರ್ಲಿನ್ ಕೊರಳಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು, ಸಟ್ಟುಗ ಹಿಡಿದು ತನ್ನ ಜಾಗದಲ್ಲಿ ನಿಂತಿದ್ದ. ಅವನ ತುಟಿ ಆಡುತ್ತಿತ್ತು.

ನಮ್ಮೂರಲ್ಲಿ ಇನ್ನೊಂದು ರಿವಾಜಿದೆ. ಯಾರಾದರೂ ಹೇಳಿದ್ದು ಕೇಳಿಸದಿದ್ದರೆ ಏನಂದೆ ಎಂದು ಎರಡು ಸಲ ಕೇಳಬಹುದು. ಮೂರನೆಯ ಸಲ ಕೇಳಿದರೆ ಅವಮಾನ ಮಾಡಿದ ಹಾಗೆ. ಆಮೇಲೆ ನಕ್ಕು ತಲೆಯಾಡಿಸಬೇಕು. ಗಂಟಲು ಕೊಯ್ಯಿಸಿಕೊಂಡವನನ್ನು ಎರಡನೆಯ ಸಲ ಕೇಳಲಿಕ್ಕೂ ಮನಸ್ಸು ಬರಲಿಲ್ಲ. ಹಾಗಾಗಿ ಬೆಳಿಗ್ಗೆಯಿಂದ ನಾವು ಮೂವರೂ ನಗುತ್ತಾ ತಲೆಯಾಡಿಸುತ್ತಾ ಇದ್ದೆವು. ಆರ್ಡೆನ್ ಮಾತ್ರ ಕಿವಿಯನ್ನು ಅವನ ಬಾಯಿಯ ಹತ್ತಿರ ಒಯ್ಯುವುದು, ಹಿಂದಕ್ಕೆ ಬರುವುದು, ಡ್ಯುವೇನ್‌ನನ್ನು ನೋಡುವುದು, ಏನೋ ಹೇಳಲು ಬಾಯಿ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದ. ಆ ಬಾಯಿಂದ ಹೊರಬೀಳಬೇಕಾಗಿದ್ದದ್ದು ಒಂದೇ ಮಾತು, ಈ ಬರ್ನರು ಬೇಡ. ಅದನ್ನು ನಾನೇ ಆಡಬಹುದಿತ್ತು. ಆದರೆ ನಾನೂ ಆಲ್ಡರ್ ಫಾಲ್ಸಿನವನೇ.

ಬಾರ್ಲಿ ಸೋಸಿ, ಆ ಸಿಹಿನೀರನ್ನು ಕುದಿಸುವ ಹೊತ್ತು ಬಂತು. ಡ್ಯುವೇನ್ ಸಿಲಿಂಡರಿನ ಪಕ್ಕ ನಿಂತು ರೆಗ್ಯುಲೇಟರಿನ ತಿರುಪನ್ನು ಪೂರ್ತಿ ತಿರುಗಿಸಿದ. ಎದುರು ಮನೆಯ ಕಿಟಕಿಗಳು ನಡುಗಿದವು. ಸ್ವಲ್ಪ ಹೊತ್ತಿಗೆ ವರ್ಲಿನ್ ನಮ್ಮ ಕಡೆ ತಿರುಗಿ ಏನೋ ಹೇಳಿದ. ನಾವು ತಲೆಯಾಡಿಸಿದೆವು. ಮತ್ತೆ ಹೇಳಿದ. ಹೌದೌದು ಎಂದೆವು. ಅವನು ಸಟ್ಟುಗವನ್ನು ಎತ್ತಿ ಬೀಸತೊಡಗಿದ. ಎಷ್ಟು ಖುಷಿಯಾಗಿದ್ದಾನೆ ನೋಡಿ ಎಂದುಕೊಂಡು ನಾವು ಮೂವರೂ ಗ್ಲಾಸು ಎತ್ತಿದೆವು.

ಆಗ ಪಾತ್ರೆ ಉಕ್ಕಿತು. ಕಂದು ನೊರೆ ಅಂಚು ದಾಟಿ ನಾಲ್ಕೂ ಕಡೆ ಇಳಿದು, ಬರ್ನರಿನ ಮೂತಿಗೇ ಸುರಿದು, ಉರಿ ಒಮ್ಮೆ ಕೆಮ್ಮಿ ಆರಿಹೋಯಿತು. ಡ್ಯುವೇನ್ ಗ್ಯಾಸು ಮುಚ್ಚಿದ. ಬೀದಿಯೆಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ವರ್ಲಿನ್‌ನ ದನಿ ಸ್ಪಷ್ಟವಾಗಿ ಕೇಳಿಸಿತು.

"ಉಕ್ತಾ ಇದೆ ಅಂದೆ."

ನಾವು ಎತ್ತಿದ ಗ್ಲಾಸುಗಳನ್ನು ಕೆಳಗಿಳಿಸಿದೆವು.

"ಬೆಳಿಗ್ಗೆಯಿಂದ ನಾನು ಹೇಳ್ತಾನೇ ಇದೀನಿ, ನೀವು ತಲೆ ಆಡಿಸ್ತಾನೇ ಇದೀರಿ. ಇನ್ನು ಸ್ವಲ್ಪ ದಿನಕ್ಕೆ ಹೇಳೋದೂ ಇರಲ್ಲ ಕಣ್ರೋ. ಆಗ ಆಡಿಸಿ, ಬೇಕಾದಷ್ಟು."

ಡ್ಯುವೇನ್ ಪಾಪ, ಇದು ಮೂತಿಯ ತಪ್ಪು, ಒರೆಸಿ ಮತ್ತೆ ಹಚ್ಚೋಣ, ಬೇಕಿದ್ದರೆ ಇನ್ನೂ ದೊಡ್ಡ ಬರ್ನರು ತರೋಣ ಎಂದು ಬಟ್ಟೆ ಹುಡುಕತೊಡಗಿದ. ಆರ್ಡೆನ್ ಅವನ ಮುಂದೆ ಹೋಗಿ ನಿಂತ. 

"ಡ್ಯುವೇನ್, ನಿನ್ನ ಬರ್ನರು... ಒಂಥರಾ ಬೇರೆ ಥರ ಇದೆ."

ಹೊರಗಿನವರಿಗೆ ಇದು ಏನೂ ಅನ್ನಿಸಲಿಕ್ಕಿಲ್ಲ. ನಮ್ಮಲ್ಲಿ ತುಂಬ ಚೆನ್ನಾಗಿದೆ ಅನ್ನುವುದಕ್ಕೆ ಅಷ್ಟೇನೂ ಕೆಟ್ಟದಾಗಿಲ್ಲ ಅನ್ನುತ್ತೇವೆ. ಬೇರೆ ಥರ ಇದೆ ಅನ್ನುವುದಕ್ಕಿಂತ ಕಟುವಾದ ಮಾತನ್ನು ನಾನು ಈ ಊರಿನಲ್ಲಿ ಕೇಳಿಲ್ಲ. ಡ್ಯುವೇನ್‌ನ ಕಿವಿಯೆಲ್ಲ ಕೆಂಪಾಯಿತು. ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಹೇಳಿ ಹೊರಟುಹೋದ. ಅವನು ಒಂಟಿ, ಅಡುಗೆ ಮಾಡುವವನೇ ಅಲ್ಲ.

ಆರ್ಡೆನ್ ಗ್ಯಾರೇಜಿಗೆ ಹೋಗಿ, ಹಿಮ ತಳ್ಳುವ ಯಂತ್ರಗಳ ಹಿಂದಿನಿಂದ ತನ್ನ ಡಬ್ಬ ತಂದ. ಅದರ ಜೊತೆಗೆ ಬಂದಿದ್ದ ಕಡಿಮೆ ಒತ್ತಡದ ರೆಗ್ಯುಲೇಟರನ್ನು ಸಿಲಿಂಡರಿಗೆ ಹಾಕಿದ. ಆದರೆ ಸ್ಟ್ಯಾಂಡಿನ ತೂತುಗಳು ಡ್ಯುವೇನ್‌ನ ಬರ್ನರಿನ ಅಳತೆಗೆ ಕೊರೆದಂಥವು. ಅಗಲದ ಬರ್ನರು ಅಲ್ಲಿ ಕೂರಲೇ ಇಲ್ಲ. ಕಬ್ಬಿಣದ ಪಟ್ಟಿಯೊಂದನ್ನು ಅಡ್ಡ ಕೊಟ್ಟು ಬೋಲ್ಟು ಹಾಕಿದ್ದಾಯಿತು. ಆಗ ಬರ್ನರು ಪಾತ್ರೆಯಿಂದ ತುಂಬ ಕೆಳಗೆ ಹೋಯಿತು. ಹಚ್ಚಿದರೆ ನೀಲಿ ಉರಿ ಬೆಕ್ಕಿನಂತೆ ಗುರುಗುಟ್ಟಿತು, ಅಷ್ಟೇ. ಅರ್ಧ ಶಾಖವನ್ನು ನವೆಂಬರಿನ ಗಾಳಿ ಹೊತ್ತುಕೊಂಡು ಹೋಗುತ್ತಿತ್ತು. ನಾವು ಮೂವರೂ ಗಾಳಿ ಬರುವ ಕಡೆ ಬೆನ್ನು ಮಾಡಿ ಗೋಡೆಯಂತೆ ನಿಂತೆವು. ನೀರು ನಡುಗಿತೇ ಹೊರತು ಕುದಿಯಲಿಲ್ಲ.

ವರ್ಲಿನ್ ಮಾತಾಡಿದ. ನೆಲಮಾಳಿಗೆಗೆ ನೀರು ನುಗ್ಗಿದ ಕಥೆಯನ್ನೇ ಹೇಳಿದ. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಾಗಿದ್ದರಿಂದ ನೀರು ಒಂದು ಮೆಟ್ಟಿಲು ಏರಲು ಬಹಳ ಹೊತ್ತು ಹಿಡಿಯಿತು. ಆರ್ಡೆನ್ ನಡುವೆ, "ಆಮೇಲೆ?" ಅನ್ನುತ್ತಿದ್ದ, ಆಮೇಲೆ ಏನೆಂದು ತಿಳಿಯದವನ ಹಾಗೆ. ಮಾರ್ಲಿಸ್ ಕಿಟಕಿ ತೆರೆದು, ಕುದಿ ಬಂತಾ ಎಂದು ಆಗಾಗ ಕೇಳುತ್ತಿದ್ದಳು. ಉತ್ತರ ಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ. ಕತ್ತಲಾದ ಮೇಲೆ ಕಹಿ ಹೂವನ್ನು ಹೇಗೋ ಹಾಕಿ, ಆದಷ್ಟು ಆಯಿತೆಂದು ಇಳಿಸಿದೆವು.

ಸರಿಯಾಗಿ ಕುದಿಯದ ಬಿಯರು ಬೇಯಿಸಿದ ಮುಸುಕಿನ ಜೋಳದ ವಾಸನೆ ಹೊಡೆಯುತ್ತದೆ. ಇದೂ ಹೊಡೆಯಿತು. ಹಾಗಿದ್ದರೂ ಆರ್ಡೆನ್ ಜನವರಿಯ ಸಭೆಗೆ ಅದನ್ನು ತಂದ. ಡ್ಯುವೇನ್ ಬಂದಿದ್ದ. ನಮ್ಮಲ್ಲಿ ಕೋಪ ಮಾಡಿಕೊಂಡವರೂ ಸಭೆ ತಪ್ಪಿಸುವುದಿಲ್ಲ. ಅವನು ಗ್ಲಾಸನ್ನು ದೀಪಕ್ಕೆ ಹಿಡಿದು, ಮೂಸಿ, ಒಂದು ಗುಟುಕು ಕುಡಿದು, ಅವಸರವಿಲ್ಲದೆ ಹೇಳಿದ: "ಬೇರೆ ಥರ ಇದೆ."

ಆರ್ಡೆನ್ ತಲೆ ತಗ್ಗಿಸಿ ಒಪ್ಪಿಕೊಂಡ. ಲೆಕ್ಕ ಸಮವಾಯಿತು ಅನ್ನುವಂತೆ ಡ್ಯುವೇನ್ ಅವನ ಪಕ್ಕದಲ್ಲೇ ಬಂದು ಕುಳಿತ.

ವರ್ಲಿನ್ ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದ. ಎರಡನೆಯ ಶಸ್ತ್ರಚಿಕಿತ್ಸೆ ಆಗಿತ್ತು. ಕೊರಳಿನ ಬಿಳಿ ಪಟ್ಟಿ ಉಸಿರಿನ ಜೊತೆ ಏರಿ ಇಳಿಯುತ್ತಿತ್ತು. ಆರ್ಡೆನ್ ಅವನಿಗೆ ಗ್ಲಾಸು ತುಂಬಿ ಕೊಟ್ಟು, ಎದುರಿಗೆ ಕುಳಿತು ಮುಖವನ್ನೇ ನೋಡಿದ. ವರ್ಲಿನ್ ಒಂದು ಚಮಚದಷ್ಟೇ ಕುಡಿದು, ಬಹಳ ಕಷ್ಟದಿಂದ ನುಂಗಿದ.

"ಹೇಗಿದೆಯೋ?" ಎಂದು ಆರ್ಡೆನ್ ಕೇಳಿದ.

ವರ್ಲಿನ್ ನಕ್ಕು ತಲೆಯಾಡಿಸಿದ.

ಅದಕ್ಕೆ ಏನರ್ಥವೋ. ನಮ್ಮೂರಿನಲ್ಲಿ ತಲೆಯಾಡಿಸಿದ ಮಾತ್ರಕ್ಕೆ ಏನೂ ತಿಳಿಯುವ ಹಾಗಿಲ್ಲ. ಆರ್ಡೆನ್ ಇನ್ನೊಂದು ಸಲ ಕೇಳಿದ. ವರ್ಲಿನ್ ಇನ್ನೊಂದು ಸಲ ತಲೆಯಾಡಿಸಿದ. ಮೂರನೆಯ ಸಲ ಕೇಳುವ ರಿವಾಜು ನಮ್ಮಲ್ಲಿಲ್ಲ.