ಐದನೇ ಸಂಚಿಕೆಯಲ್ಲಿ ನಾನು ಕೊಂದ ಅಕ್ಕ

ಹುಲಿಗೆಮ್ಮಕ್ಕ ತನ್ನ ಬಸ್ಸಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆದವಳಲ್ಲ. ಇಳಿಯುವ ಊರೇ ಅವರವರ ಹೆಸರು. "ಏ ತೆಕ್ಕಲಕೋಟಿ, ಬಾಗಲದಾಗ ನಿಂತು ಯಾರ ದಾರಿ ನೋಡ್ತಿ, ಒಳಗ ಸರಿ." "ಸಿಂದಿಗೇರಿ ಅಜ್ಜಾ, ನಿನ್ನ ಚೀಲ ಆ ಹುಡುಗಿ ಕಾಲಮ್ಯಾಲೆ ಐತಿ ನೋಡು." ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಆಕೆ ಕಂಡಕ್ಟರು. ನಾನು ಸಿರುಗುಪ್ಪದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಿಂದ ದಿನಾ ಓಡೋಡಿ ಬಂದು ಬಸ್ಸು ಹಿಡಿಯುತ್ತಿದ್ದ ನನ್ನನ್ನು "ಸಿರುಗುಪ್ಪ ಮಾಸ್ತರ" ಅನ್ನುತ್ತಿದ್ದಳು. ಖುಷಿಯಲ್ಲಿದ್ದರೆ ಮಾತ್ರ "ತಮ್ಮಾ".

ಸೀರೆಯ ಮೇಲೆ ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಎಡಮೂಗಿಗೆ ಹರಳಿನ ಮೂಗುತಿ. ವಯಸ್ಸು ನಲವತ್ತೈದರ ಆಚೀಚೆ. ಡ್ರೈವರಾಗಿದ್ದ ಗಂಡ ಅಪಘಾತದಲ್ಲಿ ಹೋದ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ನೌಕರಿ ಅದು. ಮಕ್ಕಳಿಲ್ಲ. ಕುರುಗೋಡಿನ ಮನೆಯಲ್ಲಿ ತಾಯಿ ಈರಮ್ಮ ಒಬ್ಬಳೇ. ಅವಳಿಗೆ ಬಿಪಿ, ಎದೆಯ ತೊಂದರೆ ಬೇರೆ. ಮಗಳನ್ನು ಬಿಟ್ಟರೆ ತನ್ನವರೆನ್ನಲು ಇನ್ನೊಂದು ಜೀವವಿಲ್ಲ. ನಸುಕಿನಲ್ಲೆದ್ದು ತಾಯಿಗೆ ಉಣ್ಣಿಸಿ, ಮಾತ್ರೆ ನುಂಗಿಸಿ ಬಳ್ಳಾರಿಗೆ ಬರುತ್ತಿದ್ದ ಅಕ್ಕ, ಡ್ಯೂಟಿ ಹತ್ತಿದ ಕೂಡಲೇ ಫೋನಿನ ಸದ್ದಡಗಿಸಿ ಚೀಲದ ತಳಕ್ಕೆ ಹಾಕಿಬಿಡುತ್ತಿದ್ದಳು. ಯಾಕಕ್ಕಾ ಎಂದು ಒಮ್ಮೆ ಕೇಳಿದ್ದೆ. "ಫೋನ್ ನೋಡಕೋತ ಸೀಟಿ ಊದಿದ್ರ ಯಾರದರ ಕಾಲು ಚಕ್ರದಾಗ ಹೋಗತೈತಿ. ಡ್ಯೂಟಿ ಮ್ಯಾಲಿದ್ದಾಗ ನಾ ಯಾರ ಮಗಳೂ ಅಲ್ಲ" ಎಂದಿದ್ದಳು.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಒಂದು ದಿನ, ತೆಕ್ಕಲಕೋಟೆ ಇನ್ನೂ ದೂರವಿರುವಾಗಲೇ ಬಸ್ಸು ಕೆಟ್ಟು ನಿಂತಿತು. ಸಿರುಗುಪ್ಪದಲ್ಲಿ ಪರೀಕ್ಷೆ ಬರೆಯಬೇಕಿದ್ದ ಆರು ಹುಡುಗಿಯರು ಅಳಲು ಶುರುಮಾಡಿದರು. ಹುಲಿಗೆಮ್ಮಕ್ಕ ರಸ್ತೆಯ ನಟ್ಟನಡುವೆ ಹೋಗಿ ಎರಡೂ ಕೈ ಚಾಚಿ ನಿಂತಳು. ಭತ್ತದ ಲಾರಿಯೊಂದು ಆಕೆಯ ಎದೆಯಿಂದ ಒಂದು ಮಾರು ದೂರದಲ್ಲಿ ಕಿರ್ರೆಂದು ನಿಂತಿತು. ಡ್ರೈವರು ತೆಲುಗಿನಲ್ಲಿ ಬೈದ. ಆಕೆ ಅವನಿಗಿಂತ ಒಳ್ಳೆಯ ತೆಲುಗಿನಲ್ಲಿ ತಿರುಗಿ ಬೈದು, ಹುಡುಗಿಯರನ್ನು ಹತ್ತಿಸಿ, ಹಿಂದಿನಿಂದ ನನ್ನನ್ನೂ ದೂಡಿದಳು. "ಇವರು ಒಳಗ ಹೋಗೋತನಕ ಗೇಟು ಬಿಟ್ಟು ಅಲುಗಾಡಬ್ಯಾಡ, ಮಾಸ್ತರ." ಲಾರಿ ಹೊರಟ ಮೇಲೆ ತಿರುಗಿ ನೋಡಿದರೆ, ಬಸ್ಸಿನ ಮುದುಕರನ್ನು ಕರೆದುಕೊಂಡು ನೆರಳು ಹುಡುಕುತ್ತ ಹೊರಟಿದ್ದಳು. ಆ ದಿನವೇ ಆಕೆಯ ಮುಖವನ್ನು ಮೊದಲ ಸಲ ಬರೆದೆ.

ನನಗೊಂದು ಹುಚ್ಚು, ಕಾಮಿಕ್ಸು ಬರೆಯುವುದು. ಗಣಿಯ ಕೆಂಪು ಧೂಳು ಕುಡಿದು ಕುಡಿದು ಮೈಯೆಲ್ಲ ಕಬ್ಬಿಣವಾದ ಒಬ್ಬ ಕೂಲಿಯವನನ್ನು ಹುಟ್ಟಿಸಿ ಉಕ್ಕಣ್ಣ ಎಂದು ಹೆಸರಿಟ್ಟಿದ್ದೆ. ಬ್ರೂಸ್‌ಪೇಟೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಗೆಳೆಯ ಶ್ರೀನು ಅದನ್ನು ಸಣ್ಣ ಪುಸ್ತಕ ಮಾಡಿ ಅಚ್ಚು ಹಾಕಿಕೊಡುತ್ತಿದ್ದ. ನಮ್ಮ ಶಾಲೆಯ ಮಕ್ಕಳು, ಅವರ ಅಣ್ಣಂದಿರು ಓದುತ್ತಿದ್ದರು. ಉಕ್ಕಣ್ಣನಿಗೆ ಒಬ್ಬ ಅಕ್ಕ ಬೇಕಾದಳು. ಎದುರಿಗಿದ್ದವರನ್ನು ನೋಡದೆ ಮುಖ ಬರೆಯುವುದು ನನ್ನ ಕೈಲಾಗದ ಕೆಲಸ, ಹಾಗಾಗಿ ಹುಲಿಗೆಮ್ಮಕ್ಕನ ಮುಖವನ್ನೇ ಕೊಟ್ಟೆ. ಲಾರಿಯ ಮುಂದೆ ನಿಂತವಳನ್ನು ಕಣ್ಣಾರೆ ಕಂಡಿದ್ದೆ. ಆದರೂ ಆಕೆಯನ್ನೇ ನಾಯಕಿ ಮಾಡೋಣವೆಂದು ನನಗೆ ಹೊಳೆಯಲೇ ಇಲ್ಲ. ಆ ಬುದ್ಧಿಗೆ ಏನನ್ನಬೇಕೋ ನೀವೇ ಹೇಳಿ.

ಮೊದಲ ಸಂಚಿಕೆಯನ್ನು ಅಕ್ಕ ಟಿಕೆಟ್ ಮಷಿನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಿರುವಿ ಹಾಕಿದಳು. "ಮೂಗುತಿ ಬಲಕ್ಕ ತಗದೀ, ನನಗ ಎಡಕ್ಕ ಐತಿ. ಮತ್ತ ಈ ನಿನ್ನ ಉಕ್ಕಣ್ಣ, ಮೈಯೆಲ್ಲ ಕಬ್ಬಿಣ ಅಂತೀ. ಇವ ನನ್ನ ಬಸ್ ಹತ್ತಿದ್ರ ಲಗೇಜ್ ಟಿಕೆಟ್ ಹರೀತೀನಿ ನೋಡು." ಸುತ್ತ ಕೂತವರೆಲ್ಲ ನಕ್ಕರು. ನಾನು ಇಳಿಯುವಾಗ ಇನ್ನೊಂದು ಪ್ರತಿ ಕೇಳಿ ಇಸಿದುಕೊಂಡಳು. "ನಮ್ಮವ್ವಗ ಓದಾಕ ಬರಂಗಿಲ್ಲ. ಚಿತ್ರ ನೋಡಿ ನಗತಾಳ."

ನಾಲ್ಕನೇ ಸಂಚಿಕೆ ಶ್ರೀನುವಿನ ಅಂಗಡಿಯಲ್ಲೇ ಕಟ್ಟುಕಟ್ಟಾಗಿ ಉಳಿಯಿತು. "ನಿನ್ನ ಹೀರೋಗೆ ಸಿಟ್ಟ ಇಲ್ಲಪ್ಪಾ" ಎಂದ ಅವನು. "ದೊಡ್ಡ ದೊಡ್ಡ ಕಾಮಿಕ್ಸ್ ಎಲ್ಲಾ ನೋಡು. ಹೀರೋ ಎದ್ದು ನಿಂದ್ರಬೇಕಂದ್ರ ಮನ್ಯಾಗ ಒಂದು ಹೆಣ ಬೀಳಬೇಕು. ಹೆಂಡ್ತಿದೋ, ಅವ್ವಂದೋ. ನಿನಗ ಅಕ್ಕ ಅದಾಳಲ್ಲ, ಮುಗಿಸಿ ಬಿಡು." ನಾನೂ ಅಂಥವನ್ನೇ ಓದಿ ಬೆಳೆದವನು, ತಪ್ಪೆಂದು ಅನ್ನಿಸಲಿಲ್ಲ. ಐದನೇ ಸಂಚಿಕೆಯ ಮೊದಲ ಪುಟದಲ್ಲೇ ಅಕ್ಕನನ್ನು ಕೊಂದೆ. ಅರ್ಧ ಗಂಟೆಯ ಕೆಲಸ. ಉಕ್ಕಣ್ಣನ ಸಿಟ್ಟಿಗೆ ಮಾತ್ರ ಹನ್ನೊಂದು ಪುಟ ಹಿಡಿಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನಮ್ಮ ಕಡೆ ಯಾರು ತೀರಿಕೊಂಡರೂ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸು ಏಳುತ್ತದೆ. ನಡುವೆ ಮುಖ, ಸುತ್ತ ಹೂಮಾಲೆ, ಕೆಳಗೆರಡು ದೀಪ. ಅದೇ ಮಾದರಿಯಲ್ಲಿ "ಉಕ್ಕಣ್ಣನ ಅಕ್ಕನಿಗೆ ಭಾವಪೂರ್ಣ ಶ್ರದ್ಧಾಂಜಲಿ" ಎಂದು ನಾನೇ ಬರೆದೆ, ತುದಿಯಲ್ಲಿ ಸಣ್ಣಕ್ಷರದಲ್ಲಿ "ಐದನೇ ಸಂಚಿಕೆ ಓದಿರಿ" ಎಂದು ಸೇರಿಸಿದೆ. ಶ್ರೀನು ಕಂಪ್ಯೂಟರಿನಲ್ಲಿ ನೆರಳು ಬೆಳಕು ತುಂಬಿ ಮುಖವನ್ನು ಫೋಟೊದ ಹಾಗೆ ಮಾಡಿದ. ಭಾನುವಾರ ಸಂಜೆ ಸಿರುಗುಪ್ಪ ಬಸ್‌ಸ್ಟ್ಯಾಂಡಿನ ಪಕ್ಕ ಅದನ್ನು ಕಟ್ಟಿಸಿ ಬಂದೆ. ಅಕ್ಕ ನೋಡಿ ನಾಲ್ಕು ಬೈದು ನಗುತ್ತಾಳೆ ಅಂದುಕೊಂಡಿದ್ದೆ.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಬೇರೆ ಕಂಡಕ್ಟರು. ಅಕ್ಕನಿಗೆ ರಜೆ ಇರಬೇಕೆಂದುಕೊಂಡು ನಾನು ಶಾಲೆಯ ಮುಂದೆಯೇ ಇಳಿದೆ. ಉಳಿದವರು ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿದರು, ಫ್ಲೆಕ್ಸು ನೋಡಿದರು. ಆಕೆಯ ಮುಖಕ್ಕೆ ಮಾಲೆ, ಆಕೆಯ ಜಾಗದಲ್ಲಿ ಬೇರೆಯವನು. ಇನ್ನೇನು ಬೇಕು? ಹನ್ನೊಂದು ಗಂಟೆಗೆ ನಮ್ಮ ಶಾಲೆಯ ಜವಾನ ವೀರೇಶಪ್ಪ ಸ್ಟಾಫ್‌ರೂಮಿಗೆ ಬಂದು, "ಸರ, ನಮ್ಮ ಕಂಡಕ್ಟರ್ ಅಕ್ಕ ಹೋದ್ಲಂತಲ್ರಿ" ಎಂದ. ಆ ಒಂದು ಗಳಿಗೆ ನಾನೂ ನಂಬಿದೆ. "ಪಾಪ, ಫ್ಲೆಕ್ಸಿನಾಗ ಹೆಂಗ ನಗಾಕ ಹತ್ಯಾಳ್ರಿ" ಎಂದು ಅವನು ಸೇರಿಸಿದ ಮೇಲೆ ನಾನು ನಿನ್ನೆ ಕಟ್ಟಿಸಿದ ಫ್ಲೆಕ್ಸು ನೆನಪಾಯಿತು.

ಬಸ್‌ಸ್ಟ್ಯಾಂಡಿಗೆ ಓಡಿದೆ. ಫ್ಲೆಕ್ಸಿಗೆ ಯಾರೋ ನಿಜವಾದ ಚೆಂಡುಹೂವಿನ ಹಾರ ಹಾಕಿದ್ದರು, ಕೆಳಗೆ ಊದುಬತ್ತಿ. ಹರಿದು ಕೆಳಗಿಳಿಸಲು ಹೋದರೆ ಜನ ನನ್ನ ರಟ್ಟೆ ಹಿಡಿದರು. "ಸತ್ತೋರ ಫ್ಲೆಕ್ಸ್ ಹರೀತೀಯೇನಲೇ?" ಇದು ಕಥೆ, ಕಾಮಿಕ್ಸು, ನಾನೇ ಬರೆದದ್ದು ಎಂದು ಕೂಗಿಕೊಂಡೆ. ಪೇರಲ ಹಣ್ಣು ಮಾರುವಾಕೆ ಒಬ್ಬಳು ಮಾತ್ರ ಕೇಳಿಸಿಕೊಂಡಳು. ಕೇಳಿಸಿಕೊಂಡು ಎದೆ ಮುಟ್ಟಿಕೊಂಡಳು. "ಅಯ್ಯ ಶಿವನ, ಆಕಿ ಊರಾಕಿ ಒಬ್ಬಾಕಿ ಈಗ ಕುರುಗೋಡಿನ ಬಸ್ ಹತ್ತಿ ಹೋದಳಲ್ಲಪಾ. ಅವರವ್ವಗ ಸುದ್ದಿ ಮುಟ್ಟಸ್ತೀನಿ ಅಂದ್ಲು."

ವೀರೇಶಪ್ಪನ ಬೈಕು ತೆಗೆದುಕೊಂಡು ಹೊರಟೆ. ಅಕ್ಕನಿಗೆ ಫೋನು ಹಚ್ಚಿದೆ, ರಿಂಗಾಗುತ್ತದೆ, ಎತ್ತುವುದಿಲ್ಲ. ಡಿಪೋಗೆ ಹಚ್ಚಿದೆ. ಬದಲಿ ಡ್ಯೂಟಿಯ ಮೇಲೆ ಮೋಕಾದ ಆಚೆ ಹಳ್ಳಿಗಳಿಗೆ ಹೋಗಿದ್ದಾಳೆ, ಅಲ್ಲಿ ಸಿಗ್ನಲ್ಲೂ ಅಷ್ಟಕ್ಕಷ್ಟೆ ಎಂದರು. ಕಾಲುವೆಯ ಪಕ್ಕದ ರಸ್ತೆಯುದ್ದಕ್ಕೂ ಮುಂದೆ ಬಸ್ಸು ಕಾಣಬಹುದೆಂದು ನೋಡುತ್ತಲೇ ಹೋದೆ. ಕಂಡರೆ ಅಡ್ಡಹಾಕಿ ಆ ಹೆಂಗಸಿನ ಕಾಲು ಹಿಡಿಯಬಹುದಿತ್ತು. ಕಾಣಲಿಲ್ಲ. ಈರಮ್ಮನ ಎದೆ ತಡೆದುಕೊಂಡರೆ ಸಾಕು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಮನೆಯ ಮುಂದೆ ಆಗಲೇ ಹೆಂಗಸರು ಸೇರಿದ್ದರು. ಒಳಗೆ ಈರಮ್ಮ ಅಳುತ್ತಿರಲಿಲ್ಲ. ಟ್ರಂಕು ತೆರೆದುಕೊಂಡು ಕೂತು ಸೀರೆ ಆರಿಸುತ್ತಿದ್ದಳು. ಒಂದು ಹಸಿರು ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು, "ಇದನ್ನ ಉಡಸ್ರಿ. ಆಕಿ ಇದನ್ನ ಉಟ್ಟೇ ಇಲ್ಲ" ಎಂದಳು.

ನಾನು ಎದುರಿಗೆ ಮಂಡಿಯೂರಿದೆ. "ಅವ್ವಾ, ಅಕ್ಕ ಆರಾಮ ಅದಾಳ. ಡ್ಯೂಟಿ ಮ್ಯಾಲೆ ಅದಾಳ. ಏನೂ ಆಗಿಲ್ಲ."

ಈರಮ್ಮ ನನ್ನನ್ನು ದಿಟ್ಟಿಸಿ ನೋಡಿದಳು. ಮೊದಲ ಸಲ ನೋಡುತ್ತಿದ್ದಳು. "ಇರೋರನ್ನ ಅದಾರ ಅಂತ ಹೇಳಾಕ ಯಾರಾದ್ರೂ ಗಾಡಿ ಹತ್ತಿ ಬರತಾರೇನಪಾ? ನಮ್ಮ ಅಳಿಯ ಹೋದ ದಿನಾನೂ ಇಬ್ಬರು ಗಾಡಿ ಮ್ಯಾಲೆ ಬಂದಿದ್ರು. ಆರಾಮ ಅದಾನ, ಸ್ವಲ್ಪ ಪೆಟ್ಟಾಗೈತಿ ಅಂದ್ರು. ನಿನ್ನಂಗ ಬೆವತಿದ್ರು."

ನಾನು ಹೇಳಿದಷ್ಟೂ ಆಕೆಗೆ ಖಾತ್ರಿಯಾಗುತ್ತಿತ್ತು. ನಮ್ಮಲ್ಲಿ ಸಾವಿನ ಸುದ್ದಿಯನ್ನು ಯಾರೂ ನೇರ ಹೇಳುವುದಿಲ್ಲವಲ್ಲ. ಬೇರೆ ದಾರಿ ಕಾಣದೆ ಚೀಲದಲ್ಲಿದ್ದ ಐದನೇ ಸಂಚಿಕೆ ತೆಗೆದು ತೋರಿಸಿದೆ, ಇದು ಬರೀ ಚಿತ್ರವೆಂದೆ. ಆಕೆ ಮೊದಲ ಪುಟದ ಮೇಲೆ ಬೆರಳಿಟ್ಟಳು. "ಇದರಾಗೂ ಸತ್ತಾಳಲ್ಲಪಾ."

ಮೂರು ಗಂಟೆಗೆ ನನ್ನ ಫೋನು ಬಡಿದುಕೊಂಡಿತು. "ಏನಪಾ ಮಾಸ್ತರ, ಇಷ್ಟ ಸಲ ಹಚ್ಚೀಯಲ್ಲ, ಎಲ್ಲಿ ಬೆಂಕಿ ಬಿದ್ದೈತಿ?" ಸ್ಪೀಕರ್ ಹಾಕಿ ಈರಮ್ಮನ ಮುಂದೆ ಹಿಡಿದೆ. ಈರಮ್ಮ ಅದನ್ನೂ ನಂಬಲಿಲ್ಲ. "ನೀ ನನ್ನ ಹುಲಿಗಿ ಆಗಿದ್ರ ಹೇಳು, ಬೆಳಿಗ್ಗೆ ನನಗ ಏನ ಕೊಟ್ಟೀ?"

"ರೊಟ್ಟಿ ಹಾಲಾಗ ಚೂರು ಮಾಡಿ ಕೊಟ್ಟೆ. ಯಾಕವ್ವಾ, ಏನಾತು?"

ಅಲ್ಲಿಯವರೆಗೆ ಗಟ್ಟಿಯಾಗಿ ಕೂತಿದ್ದ ಮುದುಕಿ ಆಗ ವಾಲಿಕೊಂಡಳು. ನಾಲ್ಕು ಜನ ಎತ್ತಿ ಹತ್ತಿರದ ಡಾಕ್ಟರ ಹತ್ತಿರ ಒಯ್ದೆವು. ಬಿಪಿ ನೋಡಿದ ಡಾಕ್ಟರು ಮುಖ ಗಂಟಿಕ್ಕಿಕೊಂಡು, ಸಂಜೆಯವರೆಗೆ ಏನೂ ಹೇಳಲು ಬರುವುದಿಲ್ಲ ಎಂದರು. ನಾನು ಹೊರಗಿನ ಮೆಟ್ಟಿಲ ಮೇಲೆ ಕೂತೆ. ಆ ಮೂರು ತಾಸು ನನ್ನ ಶತ್ರುವಿಗೂ ಬೇಡ.

ಹೊತ್ತು ಮುಳುಗುವ ಹೊತ್ತಿಗೆ ಹುಲಿಗೆಮ್ಮಕ್ಕ ಖಾಕಿಯಲ್ಲೇ ಬಂದಳು, ನನ್ನನ್ನು ದಾಟಿ ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು ಪಕ್ಕದಲ್ಲಿ ಕೂತಳು. "ಉಳದಾಳ" ಎಂದಳು. ನಾನು ಅತ್ತುಬಿಟ್ಟೆ. ಆಕೆ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಕೈ ಚಾಚಿ ಪುಸ್ತಕ ಕೇಳಿದಳು, ಹನ್ನೆರಡೂ ಪುಟ ನೋಡಿದಳು.

"ನಾ ಸತ್ತಮ್ಯಾಲೆ ಇವ ಹೋಗಿ ಎಲ್ಲಾರನ್ನೂ ಬಡದು ಬಂದ. ಹೌದಿಲ್ಲೋ?"

"ಹೂಂ ಅಕ್ಕಾ."

"ಮೊದಲನೇ ಪುಸ್ತಕದಾಗ ಇವರಿಗೆ ಒಬ್ಬಾಕಿ ಅವ್ವ ಇದ್ಲು. ನೀನ ತಗದಿದ್ದಿ, ಒಲಿ ಮುಂದ ಕುಂತಿದ್ಲು. ಆಕಿಗೆ ಯಾರು ಹೇಳಿದ್ರು? ಇವ ಬಡದಾಡಾಕ ಹೋದಾಗ ಆಕಿಗೆ ಯಾರು ಉಣ್ಣಾಕ ಹಾಕಿದ್ರು?"

ಆ ತಾಯಿಯನ್ನು ನಾನು ಮೊದಲ ಸಂಚಿಕೆಯಲ್ಲೇ ಮರೆತುಬಿಟ್ಟಿದ್ದೆ. ಫ್ಲೆಕ್ಸಿನ ಗದ್ದಲದಿಂದ ಪುಸ್ತಕಕ್ಕೆ ಹೆಸರು ಬಂದಿದೆ, ಈಗ ಬಿಡಬೇಡ ಎಂದು ಶ್ರೀನು ಮರುದಿನ ಫೋನು ಮಾಡಿದ. ಉಳಿದ ಪ್ರತಿಗಳನ್ನೆಲ್ಲ ರದ್ದಿಗೆ ಹಾಕಿಸಿದೆ.

ಈರಮ್ಮ ಚೇತರಿಸಿಕೊಂಡಳು, ಆದರೆ ಮಗಳನ್ನು ಬಸ್ಸು ಹತ್ತಲು ಬಿಡಲಿಲ್ಲ. ಕಣ್ಣಿಗೆ ಕಾಣದಿದ್ದರೆ ಉಸಿರು ಹತ್ತುತ್ತಿತ್ತು. ಅಕ್ಕ ಡಿಪೋ ಸಾಹೇಬರ ಮುಂದೆ ಕೈಮುಗಿದು ಕುರುಗೋಡು ಬಸ್‌ಸ್ಟ್ಯಾಂಡಿನಲ್ಲಿ ಕೂರುವ ಕೆಲಸ ಹಾಕಿಸಿಕೊಂಡಳು. ಬಂದ ಬಸ್ಸು, ಹೋದ ಬಸ್ಸು ಬರೆದಿಡುವುದು. ಎದುರಿನ ಕಲ್ಲುಬೆಂಚಿನ ಮೇಲೆ ಈರಮ್ಮ ಬೆಳಿಗ್ಗೆಯಿಂದ ಸಂಜೆಯವರೆಗೆ ಮಗಳನ್ನು ನೋಡುತ್ತ ಕೂತಿರುತ್ತಾಳೆ. ನಾನು ಮೊದಲ ಸಲ ಅಲ್ಲಿಗೆ ಹೋದಾಗ ನನ್ನನ್ನು ಕಂಡವಳೇ ಎದ್ದು ನಿಂತಳು. "ಏನಾತಪಾ? ಯಾರಿಗೇನಾತು?" ಮಗಳು ಹತ್ತು ಹೆಜ್ಜೆಯಾಚೆ ಕೂತಿದ್ದಾಳೆ, ಆದರೂ ಕೇಳುತ್ತಿದ್ದಾಳೆ. ಆ ದಿನ ಮತ್ತೆ ಡಾಕ್ಟರ ಹತ್ತಿರ ಕರೆದೊಯ್ಯಬೇಕಾಯಿತು.

ಕೊನೆಯ ಸಲ ಹೋದದ್ದು ಅದಾದ ಮೂರು ತಿಂಗಳ ಮೇಲೆ. ಬಸ್ಸಿಳಿಯುವ ಮೊದಲೇ ಅಕ್ಕ ನನ್ನನ್ನು ಕಿಟಕಿಯಲ್ಲಿ ಕಂಡಿರಬೇಕು. ಬಿರಬಿರನೆ ಬಂದು ತೋಳು ಹಿಡಿದು ಬಸ್ಸಿನ ಮರೆಗೆ ಎಳೆದುಕೊಂಡಳು. ಸೊರಗಿದ್ದಳು.

"ಆರಾಮೇನಕ್ಕಾ?"

"ಅದೀನಪಾ. ಕುಂತು ಕುಂತು ಸೊಂಟ ನೋಯತೈತಿ, ಅಷ್ಟ." ನಿಂತಿದ್ದ ಬಸ್ಸಿನ ಮೈಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು. "ತಮ್ಮಾ, ಇನ್ನ ಬರಬ್ಯಾಡ. ನಿನ್ನ ಮ್ಯಾಲೆ ಸಿಟ್ಟಿಲ್ಲ ನನಗ, ಆಣಿ ಮಾಡಿ ಹೇಳ್ತೀನಿ. ಆದ್ರ ನಿನ್ನ ಮಾರಿ ನೋಡಿದ್ರ ಸಾಕು, ಅವ್ವಗ ನಾ ಮತ್ತ ಸಾಯತೀನಿ."

ಹೂಂ ಅಂದೆ. ಬೇರೇನು ಅನ್ನಲಿ? ಬಸ್ಸು ಹಿಂದಕ್ಕೆ ಸರಿಯುವವರೆಗೆ ಅಕ್ಕ ನನಗೆ ಅಡ್ಡವಾಗಿ ನಿಂತಿದ್ದಳು. ಅಷ್ಟರಲ್ಲಿ ನಾನು ಹಿಂದಿನ ಗೇಟಿನಿಂದ ಹೊರಬಿದ್ದೆ. ಈರಮ್ಮ ನನ್ನನ್ನು ನೋಡಲಿಲ್ಲ.