ಎರಡೂ ಎಡತೋಳು

ನನ್ನ ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎನ್ನುವವರಿದ್ದಾರೆ. ಪಾಪ, ಅವರು ನನ್ನ ಕೈಗೆ ಸಿಕ್ಕಿಲ್ಲ. ಅಕ್ಕನದು ಕೋಪವಲ್ಲ, ಹಟ. ಒಮ್ಮೆ ಬೇಡ ಎಂದಳೆಂದರೆ ಜಪ್ಪಯ್ಯ ಅಂದರೂ ಬೇಡವೇ.

ಅವಳು ದರ್ಜಿ. ಮಾರುಕಟ್ಟೆಯ ಹಿಂದಿನ ಓಣಿಯ ಹೊಲಿಗೆ ಅಂಗಡಿಯಲ್ಲಿ, ಕಿಟಕಿ ಪಕ್ಕದ ಮೆಷಿನ್ನಿನ ಮುಂದೆ ಕೂತು ಅರ್ಧ ಆಯುಷ್ಯ ಕಳೆದವಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅಡುಗೆಮನೆಯಲ್ಲಿ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಕೊಂಡು ಬ್ಲಾಗ್ ಬರೆಯುತ್ತಾಳೆ. ಬೇರೆಯವರ ಹೊಲಿಗೆ ಬ್ಲಾಗುಗಳಲ್ಲಿ ಎಲ್ಲವೂ ಚೆಂದ. ಅಂಚು ನೇರ, ನೆರಿಗೆ ಸಮ, ಹೊಲಿದವಳ ಉಗುರಿಗೂ ಬಣ್ಣ. ಅಕ್ಕ ಬರೆಯುವುದು ತಾನು ಕೆಡಿಸಿದ್ದನ್ನು ಮಾತ್ರ. ಏನು ಕೆಟ್ಟಿತು, ಯಾಕೆ ಕೆಟ್ಟಿತು, ಬಿಚ್ಚಿ ಹೇಗೆ ಸರಿಮಾಡಿದೆ, ಇಲ್ಲವೇ ಸರಿಯಾಗಲೇ ಇಲ್ಲ. ಫೋಟೋ ಸಮೇತ.

ಮೊದಮೊದಲು ಓದುತ್ತಿದ್ದವಳು ನಾನೊಬ್ಬಳೇ, ಅದೂ ಬೈಸಿಕೊಳ್ಳಬಾರದೆಂದು. ಆಮೇಲೆ ಯಾರೋ ಒಬ್ಬಳು ಕೆಳಗೆ ಬರೆದಳು: ‘ನಾನು ಪ್ಯಾಂಟಿನ ಎರಡೂ ಕಾಲು ಸೇರಿಸಿ ಹೊಲಿದು ಚೀಲ ಮಾಡಿಟ್ಟಿದ್ದೇನೆ.’ ‘ಚೀಲಕ್ಕೆ ಹಿಡಿ ಹಾಕಿದೆಯಾ?’ ಎಂದು ಅಕ್ಕ ಕೇಳಿದಳು. ಅಂದಿನಿಂದ ಆ ಹೆಂಗಸು ನಮಗೆಲ್ಲ ಚೀಲದಕ್ಕ. ಅಕ್ಕ ಯಾರ ಮಾತನ್ನೂ ಉತ್ತರವಿಲ್ಲದೆ ಬಿಡುತ್ತಿರಲಿಲ್ಲ. ಗುಂಡಿ ತೂರಿಸುವ ಕಾಜಾ ಕೆಡಿಸಿಕೊಂಡವಳಿಗೆ, ಜೀವಮಾನವೆಲ್ಲ ಕಾಜಾ ಹೊಲಿದ ಮುದುಕನೊಬ್ಬನ ಪರಿಚಯ ಮಾಡಿಸಿದಳು. ಅವರಿಬ್ಬರೂ ಈಗ ನಮ್ಮನ್ನು ಬಿಟ್ಟೇ ಮಾತಾಡಿಕೊಳ್ಳುತ್ತಾರೆ, ಹಾಳಾದವರು.

ಹೀಗಿರುವಾಗ ಅಕ್ಕ ಅಂಗಡಿಯ ಗಿರಾಕಿಯೊಬ್ಬರ ಕೋಟಿಗೆ ಎರಡೂ ಎಡತೋಳೇ ಕತ್ತರಿಸಿದಳು. ಬಟ್ಟೆಯನ್ನು ಹೊರಮೈಗೆ ಹೊರಮೈ ಕೂಡುವಂತೆ ಮಡಚಿ ಕತ್ತರಿಸಿದರೆ ಎಡ ಬಲ ತಾನಾಗಿ ಬರುತ್ತದೆ. ಬಟ್ಟೆ ಸಾಲದೆ ಅವಳು ತೋಳುಗಳನ್ನು ಒಂದೊಂದಾಗಿ ಕತ್ತರಿಸಿದ್ದಳು, ಎರಡನೆಯದಕ್ಕೆ ಅಳತೆಯ ಕಾಗದವನ್ನು ಮಗುಚಲು ಮರೆತಿದ್ದಳು. ಅದೇ ಬಟ್ಟೆಯ ತುಂಡನ್ನು ಹುಡುಕಿ ತಂದು ಬಲತೋಳು ಹೊಲಿದು ಕೊಟ್ಟಳು. ಕೋಟಿನವರು ಖುಷಿಯಿಂದ ತೊಟ್ಟುಕೊಂಡು ಹೋದರು. ಅಕ್ಕ ಅದನ್ನೂ ಬ್ಲಾಗಿಗೆ ಹಾಕಿದಳು.

ಆ ಬರಹದ ಕೆಳಗೆ ಒಬ್ಬ ನರ್ಸ್ ಬರೆದಿದ್ದಳು: ‘ತಂಗಿಯ ಮದುವೆಯ ಬಟ್ಟೆ ಕೆಡಿಸಿದ ದಿನವೇ ಮೆಷಿನ್ನಿಗೆ ಹೊದಿಕೆ ಹಾಕಿದ್ದೆ. ನಿಮ್ಮಂಥವರ ಕೈಯೂ ತಪ್ಪುತ್ತದೆ ಎಂದು ಗೊತ್ತಾಗಿ ಇವತ್ತು ತೆಗೆದೆ.’ ಅಕ್ಕ ಅದನ್ನು ನನಗೆ ಓದಿ ಹೇಳಿದಳು. ಆಮೇಲೆ ಇನ್ನೊಮ್ಮೆ ಓದಿದಳು, ತನಗೇ.

ಕೋಟಿನವರು ಫೋಟೋ ನೋಡಿ ತಮ್ಮ ಬಟ್ಟೆಯ ಗುರುತು ಹಿಡಿದರು. ನಕ್ಕರು, ಅಂಗಡಿಗೆ ಬಂದು ಮಾಲೀಕರಿಗೂ ತೋರಿಸಿದರು. ಮಾಲೀಕರು ನಗಲಿಲ್ಲ.

“ಅಂಗಡಿ ಮಾನಾನ ಬೀದೀಲಿ ಹರಾಜು ಹಾಕಿದ್ದೀಯಲ್ಲಮ್ಮ!”

“ಅಂಗಡಿ ಹೆಸರು ಎಲ್ಲೂ ಬರೆದಿಲ್ಲ, ಸಾರ್.”

“ಬ್ಲಾಗ್ ಅಳಿಸು. ಇಲ್ಲ ಅಂದ್ರೆ ನಾಳೆಯಿಂದ ಬರಬೇಡ.”

ಮನೆ ನಡೆಯುವುದು ಅಕ್ಕನ ದುಡಿಮೆಯಿಂದ. ಅಮ್ಮ ಕೈಮುಗಿಯುವುದೊಂದು ಬಾಕಿ. “ಅಳಿಸಿಬಿಡೇ ತಾಯಿ. ಆ ಫೋನಿನೊಳಗಿನ ಜನ ಬಂದು ನಮಗೆ ಅನ್ನ ಹಾಕ್ತಾರಾ?”

“ನಾನು ಬರೆದದ್ದಷ್ಟೇ ಆಗಿದ್ರೆ ಅಳಿಸ್ತಿದ್ದೆ ಅಮ್ಮ. ಕೆಳಗಿರೋದು ಅವರ ಮಾತು. ಅವರು ನನ್ನನ್ನ ನಂಬಿ ಹೇಳಿಕೊಂಡಿದ್ದು. ನಾನು ಹೆದರಿಕೊಂಡೆ ಅಂತ ಅವರ ಬಾಯಿ ಯಾಕೆ ಮುಚ್ಚಿಸಲಿ?”

ಮರುದಿನ ಹೋಗಿ ತನ್ನ ಕತ್ತರಿ ತೆಗೆದುಕೊಂಡು ಬಂದಳು. ಕೆಲಸ ಹೋದದ್ದನ್ನೂ ಬರೆದಳು, ಒಂದು ಚೂರೂ ಅಳದೆ. ‘ಭಾನುವಾರ ಮನೆಯಲ್ಲೇ ಇರುತ್ತೇನೆ. ಕೆಡಿಸಿದ ಬಟ್ಟೆ ಇದ್ದರೆ ತನ್ನಿ, ಕೂತು ಸರಿಮಾಡೋಣ.’ ಕೆಳಗೆ ಮನೆಯ ವಿಳಾಸ.

ಯಾರು ಬರುತ್ತಾರೆ ಎಂದುಕೊಂಡಿದ್ದೆ. ಚೀಲದಕ್ಕ ಬಂದಳು, ನಾವಂದುಕೊಂಡದ್ದಕ್ಕಿಂತ ತುಂಬಾ ಗಿಡ್ಡ. ನರ್ಸ್ ಬಂದಳು. ಕಾಜಾ ಮುದುಕ ಎರಡು ಬಸ್ಸು ಬದಲಿಸಿ ಬಂದ. ಗುರುತೇ ಇಲ್ಲದವರೂ ಬಂದರು. ಕುರ್ಚಿ ಸಾಲದೆ ಮಂಚದ ಮೇಲೆ, ಹೊಸ್ತಿಲ ಮೇಲೆ ಕೂತರು. ಅಕ್ಕ ಮನೆಯ ಹಳೇ ಮೆಷಿನ್ನನ್ನು ಬಾಗಿಲ ಬೆಳಕಿಗೆ ಎಳೆದುಕೊಂಡಿದ್ದಳು. ಅಮ್ಮ ಮೊದಲು ಮುಖ ಗಂಟಿಕ್ಕಿಕೊಂಡೇ ಟೀ ಮಾಡಿದಳು. ಆಮೇಲೆ ನರ್ಸಿನ ಪಕ್ಕ ಕೂತು, ಹಾಳಾದ ಆ ಮದುವೆ ಬಟ್ಟೆಯ ಹೊಲಿಗೆಯನ್ನು ಬಿಚ್ಚತೊಡಗಿದಳು. ತಾನು ಹೊಸ ಸೊಸೆಯಾಗಿದ್ದಾಗ ಅತ್ತೆಯ ಪರದೆ ಸುಟ್ಟದ್ದನ್ನು ಅವಳಿಗೆ ಹೇಳುತ್ತಿದ್ದಳು. ಆ ಸಂಗತಿ ನಮಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಾಲೀಕರು ಬಂದು ಬಾಗಿಲಲ್ಲಿ ನಿಂತರು. ಅಕ್ಕನಿಲ್ಲದೆ ಅಂಗಡಿಯಲ್ಲಿ ಕೆಲಸ ಗುಡ್ಡೆ ಬಿದ್ದಿತ್ತು.

“ಆಯ್ತಮ್ಮ, ಬ್ಲಾಗ್ ಇಟ್ಕೋ. ಆ ತೋಳಿನ ವಿಷಯ ಒಂದನ್ನ ತೆಗೆದುಬಿಡು. ನಾಳೆನೇ ಬಾ.”

ನರ್ಸಿನ ಮಾತಿದ್ದದ್ದು ಆ ತೋಳಿನ ಬರಹದ ಕೆಳಗೇ. ಅವಳು ತಲೆ ತಗ್ಗಿಸಿದಳು. ಅಕ್ಕ ಮೆಷಿನ್ ನಿಲ್ಲಿಸಲಿಲ್ಲ. “ಆಗಲ್ಲ, ಸಾರ್.”

“ಒಂದೇ ಒಂದು ಕಣಮ್ಮ! ಅಮ್ಮಾವ್ರೇ, ನೀವಾದ್ರೂ ಮಗಳಿಗೆ ಬುದ್ಧಿ ಹೇಳಿ. ಮನೆ ನಡೀಬೇಕಲ್ವಾ?”

ಅಮ್ಮ ಕನ್ನಡಕದ ಮೇಲಿಂದ ಅವರನ್ನೊಮ್ಮೆ ನೋಡಿದಳು.

“ಒಳಗೆ ಬಂದು ಕೂತ್ಕೊಳ್ಳಿ, ಇಲ್ಲ ಆಚೆ ಹೋಗಿ. ಬಾಗಿಲಿಗೆ ಅಡ್ಡ ನಿಂತಿದ್ದೀರಿ, ನನ್ನ ಮಗಳಿಗೆ ಬೆಳಕು ಬೀಳ್ತಿಲ್ಲ.”