ಭಂಗಿ ಇಲಿಗಳ ಬೊನಾರಿಯಾ ತಲೆ ತೊಳೆದರು

ಕಾಲ್ಯರಿ ಪಟ್ಟಣಕ್ಕೆ ಇನ್ನೂ ಬೆಳಕು ಹರಿದಿಲ್ಲ. ಊರ ಹೊರಗಿನ ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ, ಕೆಂಪು ದೀಪದ ಮಂಕಿನಲ್ಲಿ, ಬೊನಾರಿಯಾ ಮುರ್ತಾಸ್ ಒಂದು ಪಂಜರದ ಮುಚ್ಚಳ ತೆಗೆದು, ಅಂಗೈ ಮೇಲಾಗಿ ಕೈ ಒಳಗಿಟ್ಟು ನಿಂತಿದ್ದಾರೆ. ಕೈ ಅಲ್ಲಾಡುವುದಿಲ್ಲ. ಮರದ ಹೊಟ್ಟಿನ ಮೂಲೆಯಲ್ಲಿ ಬಿಳಿ ಇಲಿಯೊಂದು ಮುದುರಿ ಕೂತಿದೆ. ಅದು ಬಂದು ಅಂಗೈ ಹತ್ತಿದರೆ ಬದುಕಿದೆವು. ಹತ್ತದಿದ್ದರೆ ಇಲ್ಲಿಯ ಪರೀಕ್ಷೆಯೂ ಕೆಟ್ಟಿತು, ಅಲ್ಲಿ ಮನೆಯಲ್ಲಿ ಮೊಮ್ಮಗಳಿಗೆ ಮಾಡಿದ ಮದ್ದೂ ಸುಮ್ಮನೆ ಹಾಳಾಯಿತು.

"ಬಾರೋ ರಾಜ," ಎಂದು ಅವರು ಪಿಸುಗುಡುತ್ತಾರೆ. "ನಾನೇ ಕಣೋ. ತಲೆ ತೊಳ್ಕೊಂಡು ಬಂದಿದೀನಿ. ಮೂಸಿ ನೋಡು ಬೇಕಾದ್ರೆ."

ಇಲಿ ಮೂಗನ್ನಷ್ಟೇ ಆಡಿಸುತ್ತದೆ. ಇದು ಮೇ ತಿಂಗಳ ಒಂದು ಬುಧವಾರದ ಮಾತು.

ಬೊನಾರಿಯಾ ಅವರಿಗೆ ಐವತ್ತೆಂಟು. ಹತ್ತಿರದ ಸಿನ್ನಾಯಿ ಊರಿನವರು. ಸಂಸ್ಥೆಯಲ್ಲಿ ದೊಡ್ಡವರು ಚಿಕ್ಕವರೆಲ್ಲ ಅವರನ್ನು 'ತ್ಸೀಯಾ' ಎನ್ನುತ್ತಾರೆ, ಚಿಕ್ಕಮ್ಮ ಅಂದ ಹಾಗೆ. ಅವರ ಕೆಲಸ ಇಲಿ ಸಾಕುವುದು. ಪಂಜರ ತೊಳೆಯುವುದು, ಹೊಟ್ಟು ಬದಲಿಸುವುದು, ನೀರಿನ ಬಾಟಲಿ ತುಂಬುವುದು, ತೂಕ ಹಾಕುವುದು. ದಿನಕ್ಕೆ ನೂರರ ಮೇಲೆ ಪಂಜರ. ಇದಿಷ್ಟು ಯಾರಾದರೂ ಮಾಡಿಯಾರು. ಕಷ್ಟದ್ದು ಮುಂದಿನ ಕೆಲಸ: ಒಂದೊಂದು ಇಲಿಯನ್ನೂ ದಿನಾ ಎತ್ತಿ, ಎದೆಗೆ ಹತ್ತಿರ ಹಿಡಿದು, ಮನುಷ್ಯರ ಕೈ ಎಂದರೆ ಕೇಡಲ್ಲ ಎಂದು ಅದನ್ನು ಒಪ್ಪಿಸಬೇಕು. ಕೈಗೆ ಹೆದರುವ ಇಲಿ ಎಲ್ಲದಕ್ಕೂ ಹೆದರುತ್ತದೆ. ಆಮೇಲೆ ಅದರ ಮೇಲೆ ನಡೆಸಿದ ಪರೀಕ್ಷೆಗೆ ಮೂರು ಕಾಸಿನ ಬೆಲೆಯಿಲ್ಲ.

ಯಾಕೆಂದರೆ ಇಲ್ಲಿ ಅಳೆಯುವುದೇ ಹೆದರಿಕೆಯನ್ನು. ಭಂಗಿಗಿಡದಲ್ಲಿರುವ ಸತ್ವದಂಥದ್ದೇ ಒಂದು ವಸ್ತು ನಮ್ಮ ಮಿದುಳಿನಲ್ಲೂ ಇಲಿಯ ಮಿದುಳಿನಲ್ಲೂ ತಾನಾಗಿ ಹುಟ್ಟುತ್ತದೆ; ಏರಿದ ದಿಗಿಲು ಇಳಿಯುವುದಕ್ಕೂ ಅದಕ್ಕೂ ನಂಟಿದೆ. ಅದೇ ಬಗೆಯ ಮದ್ದನ್ನು ಹೊರಗಿನಿಂದ ಚೂರೇ ಚೂರು ಕೊಟ್ಟರೆ ಇಲಿಯ ಅಂಜಿಕೆ ತಗ್ಗುತ್ತದೆ. ಕೈ ಜಾರಿ ಹೆಚ್ಚಾಯಿತೋ, ಅದೇ ಮದ್ದು ಅಂಜಿಕೆಯನ್ನು ಕೆರಳಿಸುತ್ತದೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಹುಡುಕುತ್ತಿರುವವಳು ಒಟ್ಟಾವಿಯಾ ಕಾಬ್ರಾಸ್ ಎಂಬ ಸಂಶೋಧಕಿ. ಅವಳು ಇಲಿಗಳಿಗೆ ಒಂದು ದಿನ ಸದ್ದು ಕೇಳಿಸಿ, ಜತೆಗೇ ಪಾದಕ್ಕೆ ಸಣ್ಣ ಶಾಕ್ ಕೊಡುತ್ತಾಳೆ. ಮಾರನೆಯ ದಿನ ಬರೀ ಸದ್ದು. ಸದ್ದು ಕೇಳಿದ್ದೇ ಇಲಿ ಮರಗಟ್ಟಿ ನಿಲ್ಲುತ್ತದೆ. ಸದ್ದು ಬಂದರೂ ಇನ್ನು ಏನೂ ಆಗುವುದಿಲ್ಲ ಎಂದು ಅದು ಕಲಿತು, ಮತ್ತೆ ಕಾಲೆತ್ತಲು ಎಷ್ಟು ಹೊತ್ತು ಬೇಕು, ಮದ್ದು ಕೊಟ್ಟರೆ ಬೇಗ ಕಲಿಯುತ್ತದೆಯೇ? ಪ್ರಶ್ನೆ ಇಷ್ಟೇ. ಉತ್ತರಕ್ಕೆ ಮೂರು ವರ್ಷದಿಂದ ಒದ್ದಾಡುತ್ತಿದ್ದಾಳೆ.

ಊರಿನವರಿಗೆ ಇದೆಲ್ಲ ಎಲ್ಲಿ ಬೇಕು? ಅವರ ಪಾಲಿಗೆ ಇವರು ಭಂಗಿ ಇಲಿಗಳ ಬೊನಾರಿಯಾ. ಗೇಟಿನ ಕಾವಲುಗಾರ ಜೆಸುಯೀನೋ ದಿನಾ ಒಂದೇ ಚಟಾಕಿ ಹಾರಿಸುತ್ತಾನೆ: "ಏನು ತ್ಸೀಯಾ, ನಿಮ್ಮ ಹುಡುಗ್ರು ರಾತ್ರಿ ಎಷ್ಟು ದಮ್ಮು ಎಳೆದ್ರು?" ಇವರದ್ದೂ ದಿನಾ ಒಂದೇ ಉತ್ತರ: "ನಿನ್ನಷ್ಟಿಲ್ಲ ಬಿಡಪ್ಪ."

ಮೊದಲು ಕೋಳಿ ಫಾರಂನಲ್ಲಿ ಮೊಟ್ಟೆ ಆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ, ಮಗಳು ಪಿನುಚ್ಚಾ ಇನ್ನೂ ಶಾಲೆಯಲ್ಲಿದ್ದಾಗ, ಇಲ್ಲಿ ಸೇರಿದರು. ಗುತ್ತಿಗೆಯ ಕೆಲಸ, ವರ್ಷ ವರ್ಷವೂ ಮುಂದುವರಿಸುತ್ತಾರೋ ಇಲ್ಲವೋ ಎಂಬ ಪುಕುಪುಕು. ಅಂದಿನಿಂದ ಇಂದಿನವರೆಗೆ ಮೈಗೆ ಸೆಂಟು ಹಾಕಿಲ್ಲ, ಮಗಳ ಮದುವೆಗೂ ಹಾಕಲಿಲ್ಲ. ಕೆಲಸವಿರುವ ದಿನ ಬೆಳ್ಳುಳ್ಳಿ ಮುಟ್ಟುವುದಿಲ್ಲ. ವಾಸನೆಯಿಲ್ಲದ ಸೋಪು, ವಾಸನೆಯಿಲ್ಲದ ಬಟ್ಟೆ. "ಹೆಂಗಸು ಅಂತ ಒಂದು ಘಮ ಇರುತ್ತಲ್ಲ, ಅದನ್ನೇ ಬಿಟ್ಟೆ," ಎಂದು ನಗುತ್ತಾರೆ. ಪರೀಕ್ಷೆಯ ವರದಿಗಳಲ್ಲಿ ಇಲಿಯ ತೂಕ ಬರುತ್ತದೆ, ವಯಸ್ಸು ಬರುತ್ತದೆ, ಪಂಜರದ ಅಳತೆ ಬರುತ್ತದೆ. ಇಲಿಯನ್ನು ಎತ್ತಿ ಆಡಿಸಿದ ಕೈ ಯಾರದೆಂದು ಯಾವ ಪುಣ್ಯಾತ್ಮನೂ ಬರೆಯುವುದಿಲ್ಲ.

ಇಷ್ಟು ಕಟ್ಟುನಿಟ್ಟಿನ ಹೆಂಗಸು ಆ ವಾರ ಮಾಡಿಕೊಂಡ ಎಡವಟ್ಟು ನೋಡಿ.

ಭಾನುವಾರ ಮಗಳ ಮನೆಯ ಪಕ್ಕದ ಬೀದಿಯ ದೊಡ್ಡ ನಾಯಿ ಗೇಟು ಹಾರಿ, ಐದು ವರ್ಷದ ಮೊಮ್ಮಗಳು ನೋಯೆಮಿಯ ಮೈಮೇಲೆ ಬಿತ್ತು. ಕಚ್ಚಲಿಲ್ಲ, ನಿಜ. ಆದರೆ ಮಗುವಿನ ಬಾಯಿ ಕಟ್ಟಿಹೋಯಿತು. ಉಣ್ಣಲಿಲ್ಲ, ಮಲಗಿದರೆ ಬೆಚ್ಚಿ ಬೀಳುವುದು. ಸೋಮವಾರ ಸಂಜೆ ಪಿನುಚ್ಚಾ ಫೋನ್ ಮಾಡಿ ಅತ್ತಳು. ಬೊನಾರಿಯಾ ಹೋದರು. ಅವರ ತಾಯಿ, ಅಜ್ಜಿ ಎಲ್ಲರೂ ದಿಗಿಲಿಗೆ ಹೊಗೆ ಹಾಕುತ್ತಿದ್ದವರು. ಗರಿಹಬ್ಬದ ದಿನ ಚರ್ಚಿನಲ್ಲಿ ಪಾದ್ರಿ ಮಂತ್ರಿಸಿದ ಆಲಿವ್ ಎಲೆ, ಧೂಪ, ಮತ್ತೆ ಹೆದರಿಸಿದ್ದು ಯಾವುದೋ ಅದರದೇ ಒಂದಿಷ್ಟು. ನಾಯಿ ಸಾಕಿದವನು ನಗುತ್ತಲೇ ಅದರ ಬೆನ್ನಿಂದ ಒಂದು ಹಿಡಿ ಕೂದಲು ಕತ್ತರಿಸಿ ಕೊಟ್ಟ. ಕೆಂಡದ ಮೇಲೆ ಅದು ಚುರುಚುರು ಸುಟ್ಟಿತು. ಹೊಗೆಯಲ್ಲಿ ಮಗುವನ್ನು ಮೂರು ಸಲ ದಾಟಿಸಿದರು. ಆ ರಾತ್ರಿ ಹುಡುಗಿ ನಿದ್ದೆ ಮಾಡಿದಳು.

ಆದರೆ ಅವರ ಮನೆತನದಲ್ಲಿ ಇದಕ್ಕೊಂದು ಕಟ್ಟಳೆ ಇದೆ. ಹೊಗೆ ಹಾಕಿದವಳು ಮೂರನೆಯ ಬೆಳಗಿನವರೆಗೆ ತಲೆಗೆ ನೀರು ಹಾಕಬಾರದು. ಹಾಕಿದರೆ ಇಳಿದ ದಿಗಿಲು ಮತ್ತೆ ಮಗುವಿಗೇ ಏರುತ್ತದೆ. ಮೂರನೆಯ ಬೆಳಗು ಎಂದರೆ ಗುರುವಾರ.

ಮಂಗಳವಾರ ಬೆಳಿಗ್ಗೆ ಬೊನಾರಿಯಾ ಕತ್ತಿನವರೆಗೆ ಸ್ನಾನ ಮಾಡಿ, ಕೂದಲನ್ನು ಗಂಟು ಹಾಕಿ, ಎರಡು ಟೋಪಿ ಹಾಕಿಕೊಂಡು ಬಂದರು. ಮನುಷ್ಯರ ಮೂಗಿಗೆ ಅಷ್ಟು ಸಾಕು. ಮೊದಲ ಕೋಣೆಯ ಇಲಿಗಳಿಗೆ ಹಿಂದಿನ ದಿನವೇ ಸದ್ದು, ಶಾಕ್ ಎಲ್ಲ ಆಗಿತ್ತು, ಅಂದು ಪರೀಕ್ಷೆ. ಕೈ ಒಳಗಿಟ್ಟಾಗ ದಿನಾ ಓಡಿ ಬರುವವು ಹಿಂದೆ ಸರಿದವು. ಒಂದಂತೂ ಅಂಗೈಯಲ್ಲೇ ಉಚ್ಚೆ ಹೊಯ್ದುಕೊಂಡಿತು. ಇವರು ಕೈ ಒರೆಸಿಕೊಂಡು ಮುಂದಿನ ಪಂಜರಕ್ಕೆ ಹೋದರು. ಯಾರಿಗೂ ಹೇಳಲಿಲ್ಲ.

"ಗೊತ್ತಾಗ್ಲಿಲ್ಲ ಅಂತ ಸುಳ್ಳು ಹೇಳಲ್ಲ," ಎನ್ನುತ್ತಾರೆ ಈಗ. "ಗೊತ್ತಾಯ್ತು. ಏನೂ ಆಗ್ದೇ ಇರ್ಲಪ್ಪಾ ದೇವ್ರೇ ಅಂದ್ಕೊಂಡೆ, ಅಷ್ಟೇ. ಕೆಲಸ ಹೋದ್ರೆ ಅನ್ನೋ ಭಯ."

ಮಧ್ಯಾಹ್ನದ ಹೊತ್ತಿಗೆ ಒಟ್ಟಾವಿಯಾ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದಳು. ಮದ್ದು ಕೊಟ್ಟ ಇಲಿಗಳು ಕೊಡದ ಇಲಿಗಳ ಹಾಗೆಯೇ ಕಲ್ಲಾಗಿ ನಿಂತಿದ್ದವು. "ನಾನೇ ಹೆಚ್ಚು ಹಾಕ್ಬಿಟ್ಟೆ ತ್ಸೀಯಾ. ಕಲಸೋವಾಗ ಎಲ್ಲೋ ತಪ್ಪಿದೀನಿ. ನಾಳೆ ಎರಡನೇ ಕೋಣೆದಕ್ಕೆ ಅರ್ಧಕ್ಕರ್ಧ ಇಳಿಸ್ತೀನಿ," ಎಂದಳು.

ಆಗ ಬೊನಾರಿಯಾ ಅವರಿಂದ ತಡೆಯಲಾಗಲಿಲ್ಲ. ಇಲ್ಲದ ತಪ್ಪನ್ನು ಈ ಹುಡುಗಿ ತನ್ನ ಮೇಲೆ ಹಾಕಿಕೊಂಡು, ಸರಿಯಿದ್ದ ಮದ್ದನ್ನೂ ಕೆಡಿಸುತ್ತಾಳಲ್ಲ!

"ಇಳಿಸ್ಬೇಡ ಮಗಳೇ. ಮದ್ದು ಸರಿಯಾಗೇ ಇದೆ. ನನ್ನ ತಲೆ ಸರಿ ಇಲ್ಲ," ಎಂದು ಟೋಪಿ ತೆಗೆದು ಬಗ್ಗಿದರು.

ಒಟ್ಟಾವಿಯಾ ಮೂಸಿದಳು. "ಏನಿದು, ಏನೋ ಸುಟ್ಟಿದ್ದು?"

"ನಾಯಿ ಕೂದಲು."

"ನಾಯಿ ಕೂದಲಾ!" ಹುಡುಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಬಂತು. "ಹೋಗಿ ಹೋಗಿ ನಾಯಿ ಕೂದಲಾ ತ್ಸೀಯಾ? ಇಲಿಗಳ ಹತ್ರಾನಾ? ಅಯ್ಯೋ, ಅರ್ಧ ಹೋಯ್ತಲ್ಲ! ಅಷ್ಟೂ ಇಲಿ ದಂಡ ಆಯ್ತಲ್ಲ!" ಸ್ವಲ್ಪ ಹೊತ್ತು ಕೂಗಾಡಿದಳು. ಆಮೇಲೆ ಕಣ್ಣೊರೆಸಿಕೊಂಡು, "ಸರಿ, ಎರಡನೇ ಕೋಣೆ ಇವತ್ತು ನೀವಿನ್ನೂ ಮುಟ್ಟಿಲ್ಲ ತಾನೇ? ಹೋಗಿ ತಲೆ ತೊಳೀರಿ," ಎಂದಳು.

"ಆಗಲ್ಲ ಮಗಳೇ. ಗುರುವಾರದವರೆಗೂ ಆಗಲ್ಲ."

ಕಟ್ಟಳೆ ಕೇಳಿ ಒಟ್ಟಾವಿಯಾ ನಗಲಿಲ್ಲ. ಅವಳೂ ಈ ನೆಲದ ಹುಡುಗಿಯೇ, ಅವಳಿಗೂ ಚಿಕ್ಕಂದಿನಲ್ಲಿ ಯಾರೋ ಹೊಗೆ ಹಾಕಿದ್ದರು. ಆದರೆ ಗುರುವಾರದಿಂದ ಪರೀಕ್ಷೆಯ ಕೋಣೆ ಬೇರೆಯವರ ಪಾಲು. ಮತ್ತೆ ಸಿಗುವುದು ಬೇಸಿಗೆ ಕಳೆದ ಮೇಲೆ. ಅಷ್ಟರಲ್ಲಿ ಅವಳ ಸಂಶೋಧನೆಯ ಅವಧಿಯೇ ಮುಗಿದಿರುತ್ತದೆ. ಬೇರೆ ಯಾರನ್ನಾದರೂ ಕಳಿಸೋಣವೆಂದರೆ, ಆ ಇಲಿಗಳಿಗೆ ಬೊನಾರಿಯಾ ಬಿಟ್ಟು ಬೇರೆ ಕೈ ಗೊತ್ತಿಲ್ಲ. ಹೊಸ ಕೈ ಎಂದರೆ ಹೊಸ ಹೆದರಿಕೆ.

"ನಾನು ಬಲವಂತ ಮಾಡಲ್ಲ ತ್ಸೀಯಾ," ಎಂದಳು ಕೊನೆಗೆ. "ಮಗು ನಿಮ್ಮದು."

ಬೊನಾರಿಯಾ ನೀರುಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಮಗಳಿಗೆ ಫೋನ್ ಮಾಡೋಣವೇ? ಮಾಡಿದರೆ ಬೇಡ ಅಂತಾಳೆ, ಅಂದ ಮೇಲೆ ಮೀರಲಾಗದು. ಮಾಡಲಿಲ್ಲ. ಅತ್ತ ದರಿ ಇತ್ತ ಪುಲಿ ಎಂದು ಬಾಯಿಮಾತಿಗೆ ಅನ್ನುತ್ತೇವೆ. ಆ ಹೆಂಗಸು ನಿಜಕ್ಕೂ ಅಲ್ಲಿ ನಿಂತಿದ್ದರು.

"ನಿಮ್ಮ ಅಜ್ಜಿ ಹೇಳಿದ್ದು ನಿಜ ಅಂತ ನಂಬ್ತೀರಾ ಅಂತ ಕೇಳ್ತಾರೆ ಜನ," ಎನ್ನುತ್ತಾರೆ ಅವರು. "ನಂಬೋದು ಬಿಡೋದು ಆಮೇಲಿನ ಮಾತು. ಮಗು ವಿಷಯದಲ್ಲಿ ಯಾರಾದ್ರೂ ಪರೀಕ್ಷೆ ಮಾಡಿ ನೋಡ್ತಾರಾ? ನಲ್ಲಿ ತಿರುಗಿಸೋಕೆ ಕೈಯೇ ಬರ್ಲಿಲ್ಲ ನಂಗೆ. ಆಮೇಲೆ ಮೊದಲ ಕೋಣೆ ಇಲಿಗಳು ನೆನಪಾದ್ವು. ಪರೀಕ್ಷೆ ಮುಗಿದ್ಮೇಲೆ ಕೊಲ್ಲೋದೇ ತಾನೇ ಅವನ್ನ. ಸುಮ್‌ಸುಮ್ನೆ ಹೆದರಿ, ಸುಮ್‌ಸುಮ್ನೆ ಸಾಯೋವು. ಇನ್ನೊಂದು ಕೋಣೆಗೂ ಹಾಗೇ ಮಾಡ್ಲಾ?"

ತಿರುಗಿಸಿದರು. ಮೂರು ಸಲ ಸೋಪು ಹಾಕಿ ತೊಳೆದರು. ಒಟ್ಟಾವಿಯಾ ಹೊರಗೆ ಟವೆಲು ಹಿಡಿದು ನಿಂತಿದ್ದಳು. ಸಂಜೆಯೊಳಗೆ ಎರಡನೆಯ ಕೋಣೆಯ ಇಲಿಗಳನ್ನು ಶಾಕಿಗೆ ಕೊಂಡೊಯ್ದರು. ಬುಧವಾರದ ಬೆಳಗಿಗೆ ಇನ್ನೊಮ್ಮೆ ತಲೆ ತೊಳೆದು ಬಂದರು. ಹಿಂದಿನ ದಿನದ ಪೆಟ್ಟು ತಿಂದ ಇಲಿ ಈಗ ಈ ಕೈಗೆ ಬರುತ್ತದೆಯೇ?

ಮೂಲೆಯ ಬಿಳಿ ಇಲಿ ಹೊಟ್ಟು ಕೆದರುತ್ತದೆ. ಎರಡು ಹೆಜ್ಜೆ ಬರುತ್ತದೆ, ನಿಲ್ಲುತ್ತದೆ, ಬೆರಳ ತುದಿ ಮೂಸುತ್ತದೆ. ಆಮೇಲೆ ಮುಂಗಾಲೆರಡನ್ನೂ ಅಂಗೈ ಮೇಲಿಡುತ್ತದೆ. ಬೊನಾರಿಯಾ ಅದನ್ನು ಮೆಲ್ಲಗೆ ಎತ್ತಿ ಎದೆಗೆ ಹಿಡಿಯುತ್ತಾರೆ.

ಆ ದಿನದ ಪರೀಕ್ಷೆಯಲ್ಲಿ ಮದ್ದು ಕೊಟ್ಟ ಇಲಿಗಳು ಸದ್ದಿಗೆ ಮೊದಲು ಮರಗಟ್ಟಿ, ಆಮೇಲೆ ಒಂದೊಂದಾಗಿ ಕಾಲೆತ್ತಿದವು. ಹೋಲಿಸಿ ನೋಡಲೆಂದು ಮದ್ದಿನ ಬದಲು ಬರೀ ಉಪ್ಪುನೀರು ಚುಚ್ಚಿಸಿಕೊಂಡವು ಕೊನೆಯವರೆಗೂ ಮೂಲೆ ಬಿಡಲಿಲ್ಲ. ಒಟ್ಟಾವಿಯಾ ಕುಣಿದಾಡಲಿಲ್ಲ. "ಅರ್ಧ ಉಳೀತು. ಅರ್ಧದಲ್ಲಿ ಎಷ್ಟು ಹೇಳ್ಬಹುದೋ ಅಷ್ಟೇ ಹೇಳ್ತೀನಿ. ಉಳಿದರ್ಧ ಯಾಕೆ ಕೆಟ್ಟಿತು ಅಂತಾನೂ ಬರೀತೀನಿ," ಎಂದಳು. ಮೇಲಿನವರಿಗೂ ತಿಳಿಸಿದಳು. ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ, ಬೊನಾರಿಯಾ ಅವರಿಗೆ ಇನ್ನೂ ಯಾರೂ ಹೇಳಿಲ್ಲ.

ಮಗಳ ಮನೆಯಲ್ಲಿ ಕಾದಿದ್ದು ಬೇರೆ. ಸಂಜೆ ಬಾಗಿಲಲ್ಲೇ ಪಿನುಚ್ಚಾ ತಾಯಿಯ ಕೂದಲು ನೋಡಿದಳು.

"ಅಮ್ಮಾ, ತಲೆ ತೊಳೆದ್ಯಾ?"

"ತೊಳೆದೆ ಕಣೇ."

"ಇಲಿಗೋಸ್ಕರ? ನೋಯೆಮಿಗಿಂತ ನಿನಗೆ ಇಲಿ ಹೆಚ್ಚಾಯ್ತಾ?"

ಆ ರಾತ್ರಿ ಮಗು ಕಿಟಾರನೆ ಕಿರುಚಿ ಎದ್ದಿತು. ಪಿನುಚ್ಚಾ ಒಂದು ವಾರ ತಾಯಿಯ ಜತೆ ಮಾತಾಡಲಿಲ್ಲ. ತಲೆ ತೊಳೆದದ್ದಕ್ಕೇ ಹೀಗಾಯಿತೆಂದು ಅವಳು ಇಂದಿಗೂ ಅನ್ನುತ್ತಾಳೆ. ಅಲ್ಲ, ದಿಗಿಲು ಒಂದೇ ದಿನಕ್ಕೆ ಹೋಗುವುದಿಲ್ಲ ಎಂದು ಒಟ್ಟಾವಿಯಾ ಅನ್ನುತ್ತಾಳೆ. ಬೊನಾರಿಯಾ ಯಾರೊಡನೆಯೂ ವಾದಕ್ಕಿಳಿಯುವುದಿಲ್ಲ. "ನನ್ನಿಂದ್ಲೇ ಏರಿದ್ರೆ, ನಾನೇ ಇಳಿಸ್ಬೇಕು ತಾನೇ?" ಎಂದು ದಿನಾ ಸಂಜೆ ಮೊಮ್ಮಗಳನ್ನು ಕರೆದುಕೊಂಡು ಆ ನಾಯಿಯ ಗೇಟಿನ ಎದುರು ಹೋಗಿ ನಿಲ್ಲುತ್ತಾರೆ. ಈಗ ಅದಕ್ಕೆ ಸರಪಳಿ ಕಟ್ಟಿದ್ದಾರೆ. ನಾಯಿ ಬೊಗಳುತ್ತದೆ. ಹುಡುಗಿ ಅಜ್ಜಿಯ ಲಂಗ ಹಿಡಿದು ಮರಗಟ್ಟುತ್ತಾಳೆ. ಏನೂ ಆಗುವುದಿಲ್ಲ. ಇಬ್ಬರೂ ಮನೆಗೆ ಬಂದು ಊಟ ಮಾಡುತ್ತಾರೆ.

ಮೊನ್ನೆ ಸಂಜೆ ಹುಡುಗಿ ಲಂಗ ಬಿಟ್ಟಳು. ಗೇಟಿನ ಹತ್ತಿರಕ್ಕೇನೂ ಹೋಗಲಿಲ್ಲ, ನಿಂತಲ್ಲೇ ನಾಯಿಯ ಬೆನ್ನನ್ನು ದಿಟ್ಟಿಸಿ ನೋಡಿದಳು. ಕೂದಲು ಕತ್ತರಿಸಿದ ಜಾಗ ಇನ್ನೂ ಬೋಳು ಬೋಳಾಗಿತ್ತು.

"ಅಜ್ಜೀ, ಕತ್ತರಿಯಿಂದ ಕತ್ತರಿಸ್ದಾಗ ಅದಕ್ಕೂ ಭಯ ಆಯ್ತಾ?"

"ಆಗಿರುತ್ತೆ ಕಣೇ."

"ಮತ್ತೆ ಅದಕ್ಕೆ ಯಾರು ಹೊಗೆ ಹಾಕಿದ್ರು?"

ಬೊನಾರಿಯಾ ಹುಡುಗಿಯ ಕೈ ಹಿಡಿದು ಮನೆಗೆ ಕರೆತಂದರು. ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಬಂದವರೇ ನೇರ ಒಟ್ಟಾವಿಯಾಳ ಕೋಣೆಗೆ ಹೋದರು. ಇಷ್ಟು ವರ್ಷದಲ್ಲಿ ಅವರು ಏನನ್ನೂ ಕೇಳಿದವರಲ್ಲ. ಸಂಬಳ ಹೆಚ್ಚಿಸಿ ಎಂದಿಲ್ಲ, ವರದಿಯಲ್ಲಿ ಹೆಸರು ಹಾಕಿ ಎಂದಿಲ್ಲ. ಈಗ ಒಂದೇ ಒಂದು ಕೇಳಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಮದ್ದು ಸಿಗದ ಇಲಿಗಳಿವೆಯಲ್ಲ, ಅವನ್ನು ಕೊಲ್ಲುವ ಮುಂಚೆ ಇನ್ನಷ್ಟು ದಿನ ಇಟ್ಟುಕೊಂಡು, ಅವುಗಳ ದಿಗಿಲು ಇಳಿಯುವವರೆಗೆ ಬರೀ ಸದ್ದು ಕೇಳಿಸುತ್ತ ಕೂರಲು ತಮಗೆ ಬಿಡಬೇಕು. ಸಂಬಳದ ಹೊತ್ತಿನಲ್ಲಿ ಬೇಡ, ಕೆಲಸ ಮುಗಿದ ಮೇಲೆ. ಕೇಳಿ ನೋಡುತ್ತೇನೆ ಎಂದಿದ್ದಾಳೆ ಒಟ್ಟಾವಿಯಾ.

"ಸಾಯೋದು ತಪ್ಪಲ್ಲ, ನಂಗೊತ್ತು," ಎನ್ನುತ್ತಾರೆ ಬೊನಾರಿಯಾ, ಟೋಪಿಯೊಳಕ್ಕೆ ಕೂದಲು ಸೇರಿಸುತ್ತ. "ಹೆದರ್ಕೊಂಡೇ ಸಾಯ್ಬಾರ್ದು. ಅಷ್ಟೇ ನಾನು ಕೇಳಿದ್ದು."